ಕಣ್ಣು ಮಿಟುಕಿದಲ್ಲಿ ಕೈ ನಿಲ್ಲಬೇಕು

ನಾನು ಮನುಷ್ಯರಿಗೆ ಫಿಸಿಯೋಥೆರಪಿ ಮಾಡುತ್ತಿದ್ದವಳು. ಬೆಂಗಳೂರಿನಲ್ಲಿ ಕುದುರೆ ಸವಾರಿ ಕಲಿಯಲು ಹೋಗಿ, ಕುದುರೆಗಳ ಮೈಬಿಗಿತ ಸಡಿಲಿಸುವ ಕೆಲಸಕ್ಕೆ ಇಳಿದೆ. ಇಲ್ಲಿನ ಸವಾರಿ ಶಾಲೆಗಳಲ್ಲಿ ರೇಸ್ ಬಿಟ್ಟು ಬಂದ ಥರೋಬ್ರೆಡ್ ತಳಿಯ ಕುದುರೆಗಳು ಸಾಕಷ್ಟಿವೆ. ಒಂದು ಕಡೆಗೆ ಸಲೀಸಾಗಿ ತಿರುಗುತ್ತವೆ, ಇನ್ನೊಂದು ಕಡೆಗೆ ಕತ್ತು ಬಗ್ಗಿಸುವುದಿಲ್ಲ. ಜೀನು ಕಟ್ಟಲು ಹೋದರೆ ಕಿವಿ ಹಿಂದಕ್ಕೆ ಮಡಚುತ್ತವೆ. ಮೊಂಡು ಕುದುರೆ ಅಂತ ಹೆಸರಿಟ್ಟರೆ ಕೆಲಸ ಮುಗಿಯಿತು, ಅಲ್ವಾ?

ಮೊದಲು ಅಂಗರಚನೆ ಓದಿದೆ. ನಮಗಿರುವ ಕಾಲರ್ ಬೋನ್ ಕುದುರೆಗಿಲ್ಲ. ಮುಂಗಾಲುಗಳನ್ನು ಎದೆಗೂಡಿಗೆ ಹಿಡಿದಿಟ್ಟಿರುವುದು ಮೂಳೆಯ ಕೀಲಲ್ಲ, ಮಾಂಸಖಂಡಗಳು. ಮೈಭಾರದ ಸುಮಾರು ಶೇ. 60 ಆ ಮುಂಗಾಲುಗಳ ಮೇಲೆಯೇ. ಹಾಗಾಗಿ ಗೊರಸು ನೋಯುತ್ತಿದ್ದರೆ ಭುಜ, ಕತ್ತಿನ ಬುಡ ಬಿಗಿಯುತ್ತವೆ.

ನಾನು ಕಲಿತದ್ದು ಅಮೆರಿಕದ ಜಿಮ್ ಮಾಸ್ಟರ್‌ಸನ್ ರೂಪಿಸಿದ ವಿಧಾನ. ಕಿವಿಯ ಹಿಂದಿನಿಂದ ಶುರು ಮಾಡಿ, ಬೆನ್ನಿನ ನಡುಗೆರೆಯಿಂದ ಎರಡು ಇಂಚು ಪಕ್ಕದಲ್ಲಿ ಬೆರಳ ತುದಿಯನ್ನು ನಿಧಾನವಾಗಿ ಸರಿಸುತ್ತಾ ಹಿಂಗಾಲಿನ ಗೊರಸಿನ ತನಕ ಹೋಗಬೇಕು. ಒತ್ತಡ ಎಷ್ಟಿರಬೇಕು ಅಂದರೆ, ಕೆಳಗೆ ಮೊಟ್ಟೆಯ ಹಳದಿ ಇದ್ದರೆ ಅದು ಒಡೆಯಬಾರದು. ಕಣ್ಣು ಮಾತ್ರ ಕುದುರೆಯ ಮುಖದ ಮೇಲೆಯೇ ಇರಬೇಕು. ಅದು ರೆಪ್ಪೆ ಮಿಟುಕಿಸಿದರೆ, ತುಟಿ ಅದುರಿಸಿದರೆ ಕೈ ಅಲ್ಲೇ ನಿಲ್ಲಿಸಿ ಕಾಯುವುದು. ಒಮ್ಮೊಮ್ಮೆ ಒಂದೆರಡು ನಿಮಿಷವೇ ಆಗುತ್ತದೆ. ಆಮೇಲೆ ನೆಕ್ಕುತ್ತದೆ, ಬಾಯಿ ಆಡಿಸುತ್ತದೆ, ತಲೆ ತಗ್ಗಿಸಿ ಸಾಲಾಗಿ ಆಕಳಿಸುತ್ತದೆ. ಬಿಗಿ ಬಿಡುತ್ತಿದೆ ಅಂತ ಲೆಕ್ಕ. ಕತ್ತನ್ನು ಮೆಲ್ಲಗೆ ಆಚೀಚೆ ಆಡಿಸುವುದೆಲ್ಲ ಆಮೇಲಿನ ಮಾತು.

ಬೆರಳು ಸರಿಸುವ ಈ ಗೆರೆ ಚೀನೀ ವೈದ್ಯದಿಂದ ಬಂದದ್ದು. ಅದರಲ್ಲಿ ಶಕ್ತಿ ಹರಿಯುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಬೆರಳಿಗೊಂದು ದಾರಿ ಸಿಕ್ಕಿತು, ನನಗಷ್ಟು ಸಾಕು.

ನನಗೆ ಕಷ್ಟವಾದದ್ದು ಒತ್ತದೇ ಇರುವುದು. ಗಂಟು ಸಿಕ್ಕಿದರೆ ಹೆಬ್ಬೆರಳು ತಾನಾಗಿ ಇಳಿಯುತ್ತದೆ, ಕಸುಬಿನ ಅಭ್ಯಾಸ. ಕುದುರೆಯ ಹತ್ತಿರ ಅದು ನಡೆಯುವುದಿಲ್ಲ. ಕಾಡಿನಲ್ಲಿ ಬೇಟೆಯಾಗುತ್ತಿದ್ದ ಪ್ರಾಣಿ ಅದು, ನೋವು ತೋರಿಸಿದರೆ ಉಳಿಗಾಲವಿರಲಿಲ್ಲ. ಜೋರಾಗಿ ಒತ್ತಿದರೆ ಮೈ ಇನ್ನಷ್ಟು ಬಿಗಿಹಿಡಿದು ಸುಮ್ನೆ ನಿಂತುಬಿಡುತ್ತದೆ. ನೋಡಿದವರು 'ಎಷ್ಟು ಆರಾಮಾಗಿದೆ' ಅನ್ನುತ್ತಾರೆ!

ಕೋರ್ಸ್‌ನಲ್ಲಿ ಹೇಳಿಕೊಡದದ್ದನ್ನು ಕಲಿಸಿದವರು ಸೈಸ್‌ಗಳು, ಅಂದರೆ ಲಾಯದಲ್ಲಿ ಕುದುರೆ ನೋಡಿಕೊಳ್ಳುವವರು. ಒಂದು ಹೆಣ್ಣು ಕುದುರೆಯ ಕಿವಿಯ ಹಿಂಭಾಗ ಪ್ರತಿ ಸಲ ಸಡಿಲವಾಗಿ, ಮುಂದಿನ ವಾರಕ್ಕೆ ಮತ್ತೆ ಕಲ್ಲಾಗಿರುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಅಣ್ಣ, "ಮೇಡಂ, ಇದು ಹುಲ್ಲು ಜಗಿದು ಜಗಿದು ಉಂಡೆ ಮಾಡಿ ಉಗೀತದೆ, ನೋಡಿದ್ರಾ?" ಅಂದರು. ಕುದುರೆಯ ಹಲ್ಲು ವರ್ಷಗಟ್ಟಲೆ ಮೇಲೇಳುತ್ತಲೇ ಇರುತ್ತದೆ. ಸವೆತ ಸಮವಾಗಿಲ್ಲದಿದ್ದರೆ ಅಂಚು ಚೂಪಾಗಿ ಕೆನ್ನೆಯ ಒಳಗೆ ಕೊಯ್ಯುತ್ತದೆ. ಪಶುವೈದ್ಯರು ಬಂದು ಹಲ್ಲು ಅರದಿಂದ ಉಜ್ಜಿದ ಮೇಲೆ ಬಿಗಿ ಮರಳಲಿಲ್ಲ.

ಈಗ ಹೊಸ ಲಾಯಕ್ಕೆ ಹೋದರೆ ಮೊದಲು ಪ್ರಶ್ನೆ ಕೇಳುತ್ತೇನೆ. ಹೇಗೆ ತಿನ್ನುತ್ತದೆ, ಲಾಳ ಯಾವಾಗ ಹೊಡೆಸಿದ್ದು, ಒಂದೇ ಜೀನನ್ನು ಎಷ್ಟು ಕುದುರೆಗಳಿಗೆ ಹಾಕುತ್ತೀರಿ? ಕುಂಟುತ್ತಿದ್ದರೆ, ಜ್ವರವಿದ್ದರೆ, ಹೊಸ ಊತವಿದ್ದರೆ ಮುಟ್ಟುವುದಿಲ್ಲ. ರೋಗ ಪತ್ತೆ, ಔಷಧ ನನ್ನ ಕೆಲಸವಲ್ಲ, ಅದು ಪಶುವೈದ್ಯರದ್ದು. ಇನ್ನು ಸಂಪಾದನೆ. ಬರೀ ಇದನ್ನೇ ನಂಬಿದರೆ ಮನೆ ಬಾಡಿಗೆ ಹುಟ್ಟುವುದಿಲ್ಲ. ಬೆಳಿಗ್ಗೆ ಲಾಯ, ಸಂಜೆ ಕ್ಲಿನಿಕ್.