ಹಳೇ ಗೇಮ್ ಕ್ಯಾಸೆಟ್ ಅಸಲಿಯೋ ನಕಲಿಯೋ? ತಿರುಪು ಬಿಚ್ಚಿ ನೋಡಿ

ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಬ್ಬರಿಂದ ಪೊಕೆಮಾನ್ ಎಮರಾಲ್ಡ್ ಕ್ಯಾಸೆಟ್ ಕೊಂಡೆ. ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್‌ಗೆ ಹಾಕುವಂಥದ್ದು. ಹಸಿರು ಗಾಜಿನಂಥ ಪ್ಲಾಸ್ಟಿಕ್, ಮೇಲೆ ಮಿರಿಮಿರಿ ಲೇಬಲ್. ಹಾಕಿದೆ, ಆಡಿತು. ಮಾರನೇ ದಿನ ನೋಡಿದರೆ ಸೇವ್ ಮಾಡಿದ್ದೆಲ್ಲ ಮಾಯ. ಕೇಳಿದ್ದಕ್ಕೆ ಮಾರಿದಾತ, ‘ಇಪ್ಪತ್ತು ವರ್ಷದ ಮಾಲು ಸಾರ್, ಒಳಗಿನ ಬ್ಯಾಟರಿ ಸತ್ತಿದೆ. ಹೊಸದು ಹಾಕಿಸಿ, ಸರಿಹೋಗುತ್ತೆ’ ಎಂದ. ನಾನೂ ತಲೆಯಾಡಿಸಿದೆ.

ಅದು ಹಸಿ ಸುಳ್ಳು ಅಂತ ಗೊತ್ತಾಗಲು ಒಂದು ತಿಂಗಳು ಹಿಡಿಯಿತು. ಎಮರಾಲ್ಡ್‌ನ ಒಳಗೆ ಬ್ಯಾಟರಿ ಇರುವುದು ನಿಜ. ಆದರೆ ಅದು ನಡೆಸುವುದು ಗೇಮ್‌ನೊಳಗಿನ ಗಡಿಯಾರವನ್ನು ಮಾತ್ರ. ಸೇವ್ ಆಗುವುದು ಫ್ಲ್ಯಾಶ್ ಮೆಮೊರಿಯಲ್ಲಿ, ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಹಿಂದಿನ ತಲೆಮಾರಿನ ಪೊಕೆಮಾನ್ ರೆಡ್, ಗೋಲ್ಡ್, ಸಿಲ್ವರ್ ಕ್ಯಾಸೆಟ್‌ಗಳ ಕತೆ ಬೇರೆ. ಅವುಗಳಲ್ಲಿ ಬ್ಯಾಟರಿ ಸತ್ತರೆ ಸೇವ್ ಕೂಡ ಸಾಯುತ್ತದೆ. ಮಾರಿದಾತ ಅಜ್ಜನ ಕಾಯಿಲೆಯನ್ನು ಮೊಮ್ಮಗನಿಗೆ ಅಂಟಿಸಿದ್ದ!

ನನ್ನದು ಸಣ್ಣ ನಷ್ಟ. ಈ ಲೋಕದಲ್ಲಿ ದುಡ್ಡು ಎಲ್ಲಿಗೆ ಹೋಗಿದೆ ಗೊತ್ತಾ? 2021ರ ಜುಲೈನಲ್ಲಿ ಸೀಲ್ ಒಡೆಯದ ಒಂದು ಸೂಪರ್ ಮಾರಿಯೋ 64 ಅಮೆರಿಕದ ಹರಾಜಿನಲ್ಲಿ 15.6 ಲಕ್ಷ ಡಾಲರ್‌ಗೆ ಹೋಯಿತು. ದುಡ್ಡು ಬಂದ ಕಡೆ ನಕಲಿ ಬರಲೇಬೇಕಲ್ವಾ? ಸಂಗ್ರಾಹಕರು ಇವತ್ತು ಆಡುವುದಕ್ಕಿಂತ ಜಾಸ್ತಿ ಹೊತ್ತು ‘ಇದು ಅಸಲಿಯಾ’ ಅಂತ ಜಗಳವಾಡುತ್ತಾರೆ. ಆ ಜಗಳಗಳನ್ನು ನೋಡಿ, ಒಂದೆರಡು ಸಲ ಕೈ ಸುಟ್ಟುಕೊಂಡು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಒರೆಗಲ್ಲು ಕೊಳ್ಳಿ

ಅಕ್ಕಸಾಲಿಗ ಚಿನ್ನವನ್ನು ಸುಮ್ನೆ ನೋಡಿ ಬೆಲೆ ಹೇಳುವುದಿಲ್ಲ, ಕಲ್ಲಿಗೆ ಉಜ್ಜುತ್ತಾನೆ. ನಿಮಗೂ ಒಂದು ಕಲ್ಲು ಬೇಕು. ದುಬಾರಿ ಕ್ಯಾಸೆಟ್ ಕೊಳ್ಳುವ ಮುನ್ನ, ಅದೇ ಕಂಪನಿಯ, ಅದೇ ಕಾಲದ, ಯಾರೂ ಮೂಸಿ ನೋಡದ ಅಗ್ಗದ ಕ್ಯಾಸೆಟ್ ಒಂದನ್ನು ಕೊಳ್ಳಿ. ಹಳೇ ಬೇಸ್‌ಬಾಲ್, ಫುಟ್‌ಬಾಲ್ ಗೇಮ್‌ಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಅಂಥವನ್ನು ನಕಲು ಮಾಡಿದರೆ ಲಾಭವಿಲ್ಲ, ಹಾಗಾಗಿ ಅವು ಬಹುತೇಕ ಅಸಲಿಯೇ ಆಗಿರುತ್ತವೆ. ಪ್ಲಾಸ್ಟಿಕ್ಕಿನ ಒರಟು, ಬಣ್ಣ, ತಿರುಪಿನ ತಲೆ, ಒಳಗಿನ ಸರ್ಕ್ಯೂಟ್ ಬೋರ್ಡಿನ ಹಸಿರು, ಎಲ್ಲವನ್ನೂ ಅದರ ಪಕ್ಕದಲ್ಲಿಟ್ಟೇ ನೋಡಬೇಕು. ಫೋಟೊ ನೋಡಿ ಕಲಿತ ಕಣ್ಣಿಗಿಂತ ಕೈಯಲ್ಲಿ ಹಿಡಿದು ಕಲಿತ ಬೆರಳು ವಾಸಿ.

ಜೊತೆಗೆ ಮೂರು ಸಾಮಾನು ಇರಲಿ. 3.8 ಮಿಲಿಮೀಟರ್‌ನ ಗೇಮ್ ಬಿಟ್ (ಕ್ಯಾಸೆಟ್‌ಗಳ ವಿಶೇಷ ತಿರುಪು ಬಿಚ್ಚುವ ಸ್ಕ್ರೂಡ್ರೈವರ್ ತುದಿ), ವೈ ಆಕಾರದ ಸಣ್ಣ ಬಿಟ್ (ಮೊಬೈಲ್ ರಿಪೇರಿ ಸೆಟ್‌ಗಳಲ್ಲಿ ಸಿಗುತ್ತದೆ), ಮತ್ತು ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗನ್ನಡಿ. ಪೆನ್ನಿನ ಕೊಳವೆ ಕಾಯಿಸಿ ತಿರುಪಿಗೆ ಒತ್ತಿ ಬಿಚ್ಚುವ ವಿಡಿಯೊಗಳನ್ನು ನೀವೂ ನೋಡಿರಬಹುದು. ದಯವಿಟ್ಟು ಬೇಡ. ತಿರುಪಿನ ಗುಂಡಿಯಲ್ಲಿ ಕರಗಿದ ಪ್ಲಾಸ್ಟಿಕ್ ಕಂಡರೆ, ನಿಮಗಿಂತ ಮುಂಚೆ ಯಾರೋ ಒಳಗೆ ಕೈ ಹಾಕಿದ್ದಾರೆ ಅಂತಲೂ ಅರ್ಥ.

ದುಡ್ಡು ಕಳಿಸುವ ಮುನ್ನ ಫೋಟೊ

ಮುಂದೆ, ಹಿಂದೆ, ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳು, ಬಿಚ್ಚಿದ ಬೋರ್ಡಿನ ಎರಡೂ ಮಗ್ಗುಲು. ಪಕ್ಕದಲ್ಲಿ ಇವತ್ತಿನ ಪೇಪರ್ ಇಟ್ಟು ತೆಗೆಯಲು ಹೇಳಿ. ‘ಬಿಚ್ಚೋಕೆ ಬರಲ್ಲ’ ಎನ್ನುವವರ ಹತ್ತಿರ ಅಗ್ಗದ್ದನ್ನು ಬೇಕಾದರೆ ಕೊಳ್ಳಿ, ದುಬಾರಿಯದ್ದನ್ನು ಕೊಳ್ಳಬೇಡಿ.

ಲೇಬಲ್ ಮೇಲೆ ಭೂತಗನ್ನಡಿ

ಈ ಪುರವಣಿಯ ಯಾವುದಾದರೂ ಬಣ್ಣದ ಚಿತ್ರದ ಮೇಲೆ ಭೂತಗನ್ನಡಿ ಹಿಡಿಯಿರಿ. ಸಾಲಾಗಿ ಜೋಡಿಸಿದ ಬಣ್ಣದ ಚುಕ್ಕಿಗಳು ಕಾಣುತ್ತವೆ. ಅದು ಆಫ್‌ಸೆಟ್ ಮುದ್ರಣ. ಎಂಬತ್ತು, ತೊಂಬತ್ತರ ದಶಕದ ಲೇಬಲ್‌ಗಳೂ ಹೀಗೇ ಅಚ್ಚಾದವು. ಮನೆಯ ಇಂಕ್‌ಜೆಟ್ ಪ್ರಿಂಟರಿನದ್ದಾದರೆ ಮರಳು ಎರಚಿದ ಹಾಗೆ ಚುಕ್ಕಿಗಳು ಚೆಲ್ಲಾಪಿಲ್ಲಿ.

ಇನ್ನೊಂದು ಗುಟ್ಟು ಕಪ್ಪು ಅಕ್ಷರಗಳಲ್ಲಿದೆ. ಅಸಲಿಯಲ್ಲಿ ಸಣ್ಣ ಕಪ್ಪು ಅಕ್ಷರಗಳು ಸಾಮಾನ್ಯವಾಗಿ ಕಪ್ಪು ಮಸಿಯೊಂದರಿಂದಲೇ ಅಚ್ಚಾಗಿರುತ್ತವೆ. ಅಂಚು ಬ್ಲೇಡಿನಷ್ಟು ಚೂಪು. ಲೇಬಲ್ಲನ್ನು ಸ್ಕ್ಯಾನ್ ಮಾಡಿ ಮತ್ತೆ ಮುದ್ರಿಸಿದರೆ ಅದೇ ಅಕ್ಷರ ನೀಲಿ, ಗುಲಾಬಿ, ಹಳದಿ ಚುಕ್ಕಿಗಳಾಗಿ ಒಡೆಯುತ್ತದೆ. ಬರಿಗಣ್ಣಿಗೆ ಎರಡೂ ಕಪ್ಪೇ.

ಗೇಮ್ ಬಾಯ್ ಕ್ಯಾಸೆಟ್ ಆದರೆ ಲೇಬಲ್ಲನ್ನು ದೀಪಕ್ಕೆ ಓರೆಯಾಗಿ ಹಿಡಿಯಿರಿ. ಮಸಿಯಿಲ್ಲದೆ ಒತ್ತಿದ ಎರಡು ಅಂಕಿ, ಕೆಲವೊಮ್ಮೆ ಜೊತೆಗೊಂದು ಅಕ್ಷರ, ತಗ್ಗಾಗಿ ಕಾಣಬೇಕು. ಇದು ಕಾರ್ಖಾನೆಯ ಗುರುತು. ನನ್ನ ಎಮರಾಲ್ಡ್‌ನಲ್ಲಿ ಅದು ಇರಲಿಲ್ಲ. ಲೇಬಲ್ ಕನ್ನಡಿಯ ಹಾಗೆ ನುಣುಪಾಗಿತ್ತು. ಈಚೆಗೆ ನಕಲಿಗಳೂ ಈ ಅಂಕಿ ಒತ್ತಲು ಕಲಿತಿವೆ. ಹಾಗಾಗಿ ಅಂಕಿ ಇಲ್ಲದಿದ್ದರೆ ಅನುಮಾನ ಪಡಿ, ಇದ್ದರೆ ಮುಂದಕ್ಕೆ ನೋಡಿ.

ತಿರುಪು ಬಿಚ್ಚಿ

ನಿಜವಾದ ಕೆಲಸ ಇಲ್ಲಿ. ಜಾಣ ನಕಲಿಕಾರ ಪ್ಲಾಸ್ಟಿಕ್ ಡಬ್ಬಿಯನ್ನು ಹೊಸದಾಗಿ ಮಾಡಲು ಹೋಗುವುದೇ ಇಲ್ಲ. ಮೇಲೆ ಹೇಳಿದ ಅಗ್ಗದ ಬೇಸ್‌ಬಾಲ್ ಕ್ಯಾಸೆಟ್ ಕೊಂಡು, ಅದರ ಗೇಮ್ ಚಿಪ್ ಕಿತ್ತು, ಬೇರೆ ಗೇಮ್ ತುಂಬಿದ ಚಿಪ್ ಬೆಸುಗೆ ಹಾಕಿ, ಹೊಸ ಲೇಬಲ್ ಅಂಟಿಸುತ್ತಾನೆ. ಡಬ್ಬಿ ಅಸಲಿ, ತಿರುಪು ಅಸಲಿ, ಬೋರ್ಡೂ ಅಸಲಿ. ಚಿಪ್ ಮಾತ್ರ ನಕಲಿ.

ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಯಂತ್ರದ ಅಮೆರಿಕದ ಮೊದಮೊದಲ ಕ್ಯಾಸೆಟ್‌ಗಳಿಗೆ ಐದು ತಿರುಪು, ಮಾಮೂಲಿ ಚಪ್ಪಟೆ ಸ್ಕ್ರೂಡ್ರೈವರ್ ಸಾಕು. ಆಮೇಲಿನವಕ್ಕೆ ಮೂರು, ಗೇಮ್ ಬಿಟ್ ಬೇಕು. ಬಿಚ್ಚಿದ ಮೇಲೆ ಚಿಪ್ಪಿನ ಬೆನ್ನು ಓದಿ. ಅಲ್ಲಿ ಗೇಮ್‌ನ ಗುರುತಕ್ಷರ ಇರುತ್ತದೆ. ನಿಂಟೆಂಡೊದ ಮುಂದಿನ ಟಿವಿ ಯಂತ್ರ ಸೂಪರ್ ನಿಂಟೆಂಡೊದ ಅರ್ತ್‌ಬೌಂಡ್ ಗೇಮ್ (1995) ಆದರೆ ‘ಎಸ್‌ಎನ್‌ಎಸ್-ಎಂಬಿ’. ಇದು ಅತಿ ಹೆಚ್ಚು ನಕಲಾದ ಕ್ಯಾಸೆಟ್‌ಗಳಲ್ಲಿ ಒಂದು. ಲೇಬಲ್ ಅರ್ತ್‌ಬೌಂಡ್ ಅಂದು ಚಿಪ್ ಬೇರೇನೋ ಅಂದರೆ ನಂಬಬೇಕಾದ್ದು ಚಿಪ್ಪನ್ನು.

ಚಿಪ್ಪಿನ ಮೇಲೆ ನಾಲ್ಕು ಅಂಕಿಯ ತಾರೀಖೂ ಇರುತ್ತದೆ. 8734 ಅಂತಿದ್ದರೆ 1987ರ 34ನೇ ವಾರ ತಯಾರಾದದ್ದು ಎಂದರ್ಥ. ‘1987ರ ಮೊದಲ ಮುದ್ರಣ’ ಅಂತ ಮಾರುತ್ತಿರುವ ಕ್ಯಾಸೆಟ್‌ನಲ್ಲಿ 9012 ಕಂಡರೆ? ಅದು ನಕಲಿಯೇ ಆಗಬೇಕಿಲ್ಲ, ಆಮೇಲೆ ಮತ್ತೆ ತಯಾರಾದದ್ದು ಇರಬಹುದು. ಆದರೆ ಮೊದಲ ಮುದ್ರಣದ ಬೆಲೆ ಕೊಡಬೇಡಿ.

ಚಿಪ್ಪಿನ ನಡುವೆ ಗಾಜಿನ ಗುಂಡು ಕಿಟಕಿ ಕಂಡರೆ, ಅಥವಾ ಕಿಟಕಿ ಮುಚ್ಚಲು ಅಂಟಿಸಿದ ಸ್ಟಿಕ್ಕರ್ ಕಂಡರೆ, ಅದು ಅಳಿಸಿ ಮತ್ತೆ ಬರೆಯಬಹುದಾದ ಚಿಪ್. ಅಂಗಡಿಯಲ್ಲಿ ಮಾರಿದ ಮಾಮೂಲಿ ಗೇಮ್‌ಗಳಲ್ಲಿ ಇದು ಇರಬಾರದು. ಗೇಮ್ ಬಾಯ್ ಅಡ್ವಾನ್ಸ್‌ನಲ್ಲಾದರೆ ಬಿಚ್ಚುವುದೂ ಬೇಡ. ಕೆಳಗಿನ ಹಲ್ಲುಗಳ ಸ್ವಲ್ಪ ಮೇಲೆ ಬೋರ್ಡಿನ ಮೇಲೆ ‘ನಿಂಟೆಂಡೊ’ ಅಂತ ಸಣ್ಣಗೆ ಬರೆದಿರುತ್ತದೆ, ಬಾಯಿಯಿಂದ ಇಣುಕಿದರೆ ಸಾಕು. ನಾನು ಇಣುಕಿದೆ, ಏನೂ ಇರಲಿಲ್ಲ. ಆಮೇಲೆ ಬಿಚ್ಚಿಯೇಬಿಟ್ಟೆ. ಒಳಗೆ ಡಾಂಬರಿನ ಬೊಟ್ಟಿನಂಥ ಕಪ್ಪು ಗುಂಡು, ಅಷ್ಟೆ. ಬ್ಯಾಟರಿಯ ಸುಳಿವೇ ಇರಲಿಲ್ಲ!

ಈಗ ಬರುತ್ತದೆ ಜಗಳದ ವಿಷಯ. ಮೇಲಿನ ನಿಯಮಗಳಿಗೆಲ್ಲ ಅಪವಾದಗಳಿವೆ, ಅಪವಾದಗಳೇ ಅತಿ ದುಬಾರಿ. 1990ರ ನಿಂಟೆಂಡೊ ವರ್ಲ್ಡ್ ಚಾಂಪಿಯನ್‌ಶಿಪ್ಸ್ ಕ್ಯಾಸೆಟ್ ನೋಡಿ. ಸೂಪರ್ ಮಾರಿಯೋ, ರ‍್ಯಾಡ್ ರೇಸರ್, ಟೆಟ್ರಿಸ್ ಮೂರನ್ನೂ 6 ನಿಮಿಷ 21 ಸೆಕೆಂಡಿನಲ್ಲಿ ಆಡಬೇಕಿದ್ದ ಪಂದ್ಯದ್ದು. ಫೈನಲ್‌ಗೆ ಬಂದವರಿಗೆ ಬೂದು ಬಣ್ಣದ 90, ಪತ್ರಿಕೆಯ ಸ್ಪರ್ಧೆಯಲ್ಲಿ ಗೆದ್ದವರಿಗೆ ಚಿನ್ನದ ಬಣ್ಣದ 26 ಕೊಟ್ಟರು. ಇದರೊಳಗೆ ಇರುವುದು ಅದೇ ಅಳಿಸಿ ಬರೆಯುವ ಚಿಪ್. ಇಷ್ಟು ಕಡಿಮೆ ಕ್ಯಾಸೆಟ್‌ಗೆ ಕಾರ್ಖಾನೆಯಲ್ಲಿ ಅಚ್ಚು ಹಾಕಿಸಿದರೆ ಪೂರೈಸುತ್ತದೆಯೇ? ಮಾಮೂಲಿ ನಿಯಮ ಹಿಡಿದು ಕೂತರೆ ಇದನ್ನು ನಕಲಿ ಅಂತ ಕಸಕ್ಕೆ ಹಾಕಿಬಿಡುತ್ತೀರಿ. ಬೂದು ಕ್ಯಾಸೆಟ್‌ಗಳಿಗೆ ನಂಬರ್ ಇದೆ, ಯಾವ ನಂಬರ್ ಯಾರ ಕೈ ಸೇರಿತು ಅಂತ ಸಂಗ್ರಾಹಕರು ಲೆಕ್ಕ ಇಡುತ್ತಾರೆ. 2014ರಲ್ಲಿ ಲೇಬಲ್ ಹರಿದು, ಮೇಲೆ ಪೆನ್ನಿನಲ್ಲಿ ‘ಮಾರಿಯೋ’ ಅಂತ ಗೀಚಿದ್ದ ಬೂದು ಕ್ಯಾಸೆಟ್ ಒಂದಕ್ಕೆ ಆನ್‌ಲೈನ್ ಹರಾಜಿನಲ್ಲಿ ಕೂಗು ಒಂದು ಲಕ್ಷ ಡಾಲರ್ ಹತ್ತಿರ ಹೋಯಿತು. ನೋಡಲು ಗುಜರಿ ಮಾಲಿನ ಹಾಗಿತ್ತು.

ನನಗೆ ಇನ್ನೂ ಇಷ್ಟವಾದದ್ದು ಜೈರೋಮೈಟ್. 1985ರ ಅಗ್ಗದ ಗೇಮ್. ಅದರ ಕೆಲವು ಪ್ರತಿಗಳನ್ನು ಬಿಚ್ಚಿದರೆ ಒಳಗೆ ಸಣ್ಣ ಬೋರ್ಡ್, ಅದನ್ನು ಇನ್ನೊಂದು ಬೋರ್ಡಿಗೆ ಸಿಕ್ಕಿಸಿದ್ದಾರೆ. ಯಾರೋ ಗ್ಯಾರೇಜಿನಲ್ಲಿ ಕೂತು ಜೋಡಿಸಿದ ಹಾಗೆ. ಆದರೆ ನೂರಕ್ಕೆ ನೂರು ಅಸಲಿ. ಇದೇ ಯಂತ್ರದ ಜಪಾನಿನ ರೂಪವಾದ ಫ್ಯಾಮಿಕಾಮ್‌ನ ಕ್ಯಾಸೆಟ್‌ಗೆ 60 ಹಲ್ಲು, ಅಮೆರಿಕದ್ದಕ್ಕೆ 72. ಶುರುವಿನಲ್ಲಿ ನಿಂಟೆಂಡೊದವರು ಜಪಾನಿನ ಬೋರ್ಡಿಗೇ ಪರಿವರ್ತಕ ಸಿಕ್ಕಿಸಿ ಡಬ್ಬಿ ಮುಚ್ಚಿ ಮಾರಿದರು. ತೊಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲಿ ‘ಟಿವಿ ಗೇಮ್’ ಅಂತ ಸಿಗುತ್ತಿದ್ದ ಪೆಟ್ಟಿಗೆಗಳು ಬಹುತೇಕ ಈ 60 ಹಲ್ಲಿನ ಜಾತಿಯ ನಕಲುಗಳು. ಬಾಯಲ್ಲಿ ಉಫ್ ಅಂತ ಊದಿ ಹಾಕುತ್ತಿದ್ದೆವಲ್ಲ, ಅವೇ. ಅಟ್ಟದ ಮೇಲಿರುವ ನಿಮ್ಮ ‘9999999 ಇನ್ 1’ ಕ್ಯಾಸೆಟ್‌ಗೆ ಲಕ್ಷ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಬಿಚ್ಚಲಾಗದ ಮಾಲು

ಸೀಲ್ ಒಡೆಯದ ರಟ್ಟಿನ ಡಬ್ಬಿಯ ತೊಂದರೆಯೇ ಇದು. ಬಿಚ್ಚಿದರೆ ಬೆಲೆ ಹೋಯಿತು, ಬಿಚ್ಚದಿದ್ದರೆ ಒಳಗೇನಿದೆ ಗೊತ್ತಿಲ್ಲ. ಪ್ಲಾಸ್ಟಿಕ್ ಹೊದಿಕೆಯನ್ನೇ ಓದಬೇಕು. ಹಳೇ ನಿಂಟೆಂಡೊ ಡಬ್ಬಿಗಳ ಬೆನ್ನಿನ ಮೇಲೆ ಹೊದಿಕೆಯ ಬೆಸುಗೆ ಇಂಗ್ಲಿಷಿನ ‘ಎಚ್’ ಆಕಾರದಲ್ಲಿ ಬರುತ್ತದೆ. ಅಂಗಡಿಯ ಯಂತ್ರದಲ್ಲಿ ಮತ್ತೆ ಸುತ್ತಿದ್ದರೆ ಬೆಸುಗೆ ಬದಿಯಲ್ಲಿ ಓಡುತ್ತದೆ, ಮೂಲೆಗಳಲ್ಲಿ ಪ್ಲಾಸ್ಟಿಕ್ ಗುಡ್ಡೆಯಾಗುತ್ತದೆ. ಅತಿ ಮೊದಲ ಡಬ್ಬಿಗಳಿಗಂತೂ ಹೊದಿಕೆಯೇ ಇರಲಿಲ್ಲ, ಬಾಯಿಗೆ ಒಂದು ಗುಂಡು ಸ್ಟಿಕ್ಕರ್ ಮಾತ್ರ. ಅಂಥ ಒಂದು ಸೂಪರ್ ಮಾರಿಯೋ ಬ್ರದರ್ಸ್ 2019ರಲ್ಲಿ 1,00,150 ಡಾಲರ್‌ಗೆ ಹೋಯಿತು.

ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂರಿಸಿ ಕೊಡುವ ಕಂಪನಿಗಳಿವೆ. ಅವರ ಕಣ್ಣು ಪಳಗಿದ್ದು, ಸರಿ. ಆದರೆ ಅವರೂ ಹೊರಗಿನಿಂದಲೇ ನೋಡುವುದು. ಆಡುವ ಆಸೆ ಇರುವವರು ಸೀಲ್ ಡಬ್ಬಿಯ ಗೊಡವೆಗೆ ಹೋಗದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅದು ಗೇಮ್ ಅಲ್ಲ, ಷೇರು.

ಜಿಪ್ ಚೀಲದ ಫ್ಲಾಪಿಗಳು

ಕ್ಯಾಸೆಟ್‌ಗಿಂತ ಕಷ್ಟ ಇವು. ಗೇಮ್ ತಯಾರಕ ರಿಚರ್ಡ್ ಗ್ಯಾರಿಯಟ್ ಇನ್ನೂ ಹುಡುಗನಾಗಿದ್ದಾಗ ಬರೆದ ಅಕಲಬೆತ್ ಎಂಬ ಕಂಪ್ಯೂಟರ್ ಗೇಮ್ 1979ರಲ್ಲಿ ಟೆಕ್ಸಸ್‌ನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಪ್ಲಾಸ್ಟಿಕ್ ಜಿಪ್ ಚೀಲದಲ್ಲಿ ಮಾರಾಟವಾಯಿತು. ಮರುವರ್ಷ ಬಂದ ಮಿಸ್ಟರಿ ಹೌಸ್‌ಗೂ ಇದ್ದದ್ದು ಚೀಲವೇ. ಅಸಲಿಯೇ ಮನೆಯಲ್ಲಿ ಮಾಡಿದಂತಿದ್ದ ಮೇಲೆ ನಕಲಿಗೇನು ಕಷ್ಟ? ಒಂದು ಫ್ಲಾಪಿ, ಒಂದು ಹಾಳೆ, ಒಂದು ಚೀಲ.

2022ರಲ್ಲಿ ಇದೇ ವಲಯದಲ್ಲಿ ದೊಡ್ಡ ರಂಪವಾಯಿತು. ಎಲ್ಲರೂ ನಂಬಿದ್ದ, ಅಸಲಿ ಯಾವುದು ಅಂತ ಬೇರೆಯವರಿಗೆ ಹೇಳಿಕೊಡುತ್ತಿದ್ದ ಸಂಗ್ರಾಹಕರೊಬ್ಬರ ಮೇಲೇ ವರ್ಷಗಟ್ಟಲೆ ನಕಲಿ ಮಾರಿದ ಆರೋಪ ಬಂತು. ಕೊಂಡವರು ತಮ್ಮ ತಮ್ಮ ಪ್ರತಿಗಳನ್ನು ಪಕ್ಕ ಪಕ್ಕ ಇಟ್ಟು ಹೋಲಿಸಿದ ಮೇಲೆಯೇ ಅನುಮಾನ ಗಟ್ಟಿಯಾದದ್ದು. ಅಲ್ಲಿಯವರೆಗೆ ಒಬ್ಬೊಬ್ಬರೂ ತಮ್ಮದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು.

‘ಹಳೇ ಫ್ಲಾಪಿ, ಓದಿಸಿದರೆ ಹಾಳಾಗುತ್ತೆ’ ಎನ್ನುವ ಮಾತಿಗೆ ಹುಷಾರಾಗಿರಿ. ಕ್ರಯೊಫ್ಲಕ್ಸ್‌ನಂಥ ಸಾಧನ ಫ್ಲಾಪಿಯ ಕಾಂತೀಯ ಗುರುತುಗಳನ್ನೇ ನಕಲು ತೆಗೆಯುತ್ತದೆ. ಅದನ್ನು ಇನ್ನೊಬ್ಬರ ಅಸಲಿ ಪ್ರತಿಯ ಜೊತೆ ಹೋಲಿಸಬಹುದು. ಫ್ಲಾಪಿ ಖಾಲಿ ಇದ್ದರೆ ಲೇಬಲ್ ಎಷ್ಟು ಚೆನ್ನಾಗಿದ್ದರೇನು?

ಸೀಡಿ ಗೇಮ್‌ಗಳದ್ದು ಎರಡೇ ಮಾತು. ಮೊದಲ ತಲೆಮಾರಿನ ಪ್ಲೇಸ್ಟೇಷನ್ ಡಿಸ್ಕಿನ ಅಡಿ ಕಪ್ಪು, ಮನೆಯಲ್ಲಿ ಬರೆದದ್ದರ ಅಡಿ ಸಾಮಾನ್ಯವಾಗಿ ನೀಲಿ ಅಥವಾ ಹಸಿರು ಛಾಯೆ. ನಡುವಿನ ಉಂಗುರದಲ್ಲಿ ಕಾರ್ಖಾನೆ ಕೊರೆದ ನಂಬರನ್ನೂ ನೋಡಿ.

ನಕಲಿ ಅಂತ ಗೊತ್ತಾದರೆ

ಫೋಟೊ ಸಮೇತ ಮಾರಿದವರಿಗೆ ಬರೆಯಿರಿ. ಬೈಯಬೇಡಿ, ಅವರೂ ಮೋಸಹೋಗಿರಬಹುದು. ದುಡ್ಡು ವಾಪಸ್ ಬರದಿದ್ದರೆ ಅದನ್ನು ಇನ್ನೊಬ್ಬರ ತಲೆಗೆ ಕಟ್ಟಬೇಡಿ. ಒಳಗೆ, ಬೋರ್ಡಿನ ಬೆನ್ನಿಗೆ, ಅಳಿಸದ ಪೆನ್ನಿನಲ್ಲಿ ‘ನಕಲಿ’ ಅಂತ ಬರೆದುಬಿಡಿ.

ನನಗೆ ದುಡ್ಡು ಬರಲಿಲ್ಲ. ಕಪ್ಪು ಬೊಟ್ಟಿನ ಪಕ್ಕ ಕನ್ನಡದಲ್ಲೇ ಬರೆದು ತಿರುಪು ಮುಚ್ಚಿದೆ. ಈಗ ಅದು ಅಕ್ಕನ ಮಗನ ಹತ್ತಿರ ಇದೆ. ದಿನಾ ಸಂಜೆ ಸ್ಕೂಲಿಂದ ಬಂದು ಮೊದಲಿನಿಂದ ಶುರುಮಾಡುತ್ತಾನೆ. ಮೊದಲ ಊರು, ಮೊದಲ ಪೊಕೆಮಾನ್ ಆಯ್ಕೆ, ಎಲ್ಲ ಬಾಯಿಪಾಠ. ಎರಡನೇ ಊರು ದಾಟುವಷ್ಟರಲ್ಲಿ ಊಟಕ್ಕೆ ಕರೆಯುತ್ತಾರೆ.