ಒಂದೇ ಕ್ಯಾಮೆರಾದಲ್ಲಿ ಲೀಗ್ ಫುಟ್‌ಬಾಲ್ ಲೈವ್: ನನ್ನ ಅನುಭವ

ನಂದು ಮೂಲತಃ ಮದುವೆ ವಿಡಿಯೋ ಕೆಲಸ. ಮುಹೂರ್ತ, ರಿಸೆಪ್ಷನ್ನು, ಎಲ್‌ಇಡಿ ವಾಲು, ಅಮೆರಿಕಾದಲ್ಲಿರೋ ಅಣ್ಣಂಗೆ ಯೂಟ್ಯೂಬ್ ಲಿಂಕು, ಇಷ್ಟೇ. ಆಷಾಢದಲ್ಲಿ ಕೈಯಲ್ಲಿ ಕೆಲಸ ಇಲ್ದೆ ಕೂತಿದ್ದಾಗ ಪರಿಚಯದ ಕೋಚ್ ಒಬ್ರು ನಮ್ ಮ್ಯಾಚ್ ಲೈವ್ ಮಾಡ್ಕೊಡ್ತೀಯೇನಪ್ಪಾ ಅಂದ್ರು, ಅಲ್ಲಿಂದ ಶುರುವಾಗಿದ್ದು ಈಗ ಬೆಂಗಳೂರಿನ ಲೋಕಲ್ ಲೀಗು, ಏಜ್ ಗ್ರೂಪ್ ಟೂರ್ನಮೆಂಟು, ಎಲ್ಲಾ ಮಾಡ್ತೀನಿ. ಹೇಗ್ ಮಾಡ್ತೀರ, ಏನೇನ್ ಬೇಕು ಅಂತ ಸುಮಾರು ಹುಡುಗ್ರು ಕೇಳ್ತಿರ್ತಾರೆ, ಅದಕ್ಕೆ ಒಂದ್ಸಲ ಕೂತು ಬರೆದುಬಿಡೋಣ ಅಂತ.

ಮೊದ್ಲು ಯಾರು ನೋಡ್ತಾರೆ ಅನ್ನೋದು ತಲೇಲಿರಬೇಕು. ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಮ್ಯಾಚ್‌ನ ಸೋಫಾ ಮೇಲೆ ಕೂತು ಟೈಂಪಾಸ್‌ಗೆ ನೋಡೋರು ಬೇರೆ. ನಮ್ಮ ಬೆಂಗಳೂರು ಲೀಗಿನ ಸೂಪರ್ ಡಿವಿಷನ್ನೋ ಎ ಡಿವಿಷನ್ನೋ ನೋಡೋರು ಬೇರೆ. ನಮ್ಮ ಲೀಗಲ್ಲಿ ಎಂಇಜಿ, ಎಎಸ್‌ಸಿ ಥರ ಮಿಲಿಟರಿ ಟೀಮ್‌ಗಳಿವೆ, ಎಡಿಇ ಥರ ಸರ್ಕಾರಿ ಸಂಸ್ಥೆ ಟೀಮ್ ಇದೆ, ಸ್ಟೂಡೆಂಟ್ಸ್ ಯೂನಿಯನ್ ಥರ ಹಳೇ ಕ್ಲಬ್ಬು, ಕಿಕ್‌ಸ್ಟಾರ್ಟ್ ಥರ ಹೊಸಾ ಕ್ಲಬ್ಬು, ಬಿಎಫ್‌ಸಿಯ (ಬೆಂಗಳೂರು ಎಫ್‌ಸಿ) ರಿಸರ್ವ್ ಹುಡುಗ್ರೂ ಆಡ್ತಾರೆ. ಪ್ಲೇಯರ್ಸ್ ಮಣಿಪುರ, ಮಿಜೋರಾಂ, ಕೇರಳ ಎಲ್ಲಾ ಕಡೆಯಿಂದ ಬಂದಿರ್ತಾರೆ. ನಮ್ಮ ಸ್ಟ್ರೀಮ್ ನೋಡೋದು ಆ ಹುಡುಗ್ರ ಅಪ್ಪ ಅಮ್ಮ, ಎದುರಾಳಿ ಕೋಚು, ಪ್ಲೇಯರ್ ಹುಡುಕ್ತಿರೋ ಏಜೆಂಟು, ಆಮೇಲೆ ಕೆಲಸ ಬಿಟ್ಟು ಸ್ಟೇಡಿಯಂಗೆ ಬರೋಕಾಗದ ನಾಲ್ಕು ಹಳೇ ಅಭಿಮಾನಿಗಳು. ಇವರಲ್ಲಿ ಒಬ್ರಿಗೂ ಸ್ಲೋ ಮೋಷನ್ ಬೇಡ, ಹಾರಿಕೊಂಡು ಬರೋ ಲೋಗೋ ಬೇಡ. ಬಾಲ್ ಎಲ್ಲಿದೆ, ಯಾರ ಹತ್ರ ಇದೆ, ಸ್ಕೋರ್ ಎಷ್ಟು, ಟೈಂ ಎಷ್ಟಾಯ್ತು, ಇಷ್ಟು ಸಿಕ್ರೆ ಸಾಕು. ಇದನ್ನ ನೆಟ್ಟಗೆ ಕೊಡೋದೇ ಕಷ್ಟದ ಕೆಲಸ, ಗ್ರಾಫಿಕ್ಸ್ ಅಲ್ಲ.

ಕ್ಯಾಮೆರಾ ಎಲ್ಲಿಡೋದು ಅನ್ನೋದೇ ಮುಕ್ಕಾಲು ಕೆಲಸ. ಹಾಫ್‌ವೇ ಲೈನ್‌ಗೆ ನೇರಕ್ಕೆ, ಎಷ್ಟು ಎತ್ತರಕ್ಕೆ ಹೋಗೋಕಾಗತ್ತೋ ಅಷ್ಟು ಎತ್ತರಕ್ಕೆ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಸ್ಟ್ಯಾಂಡ್ ಇರೋದ್ರಿಂದ ಮೇಲಿನ ಮೆಟ್ಟಿಲು ಹಿಡಿದ್ರೆ ಆಯ್ತು, ಬರೀ ಮೈದಾನ ಆದ್ರೆ ಸಾರ್ವೆ ಕಟ್ಟಿಸಬೇಕು, ಶಾಮಿಯಾನದವರ ಹತ್ರಾನೇ ಪೈಪು ಹಲಗೆ ಸಿಗತ್ತೆ. ನೆಲದ ಮೇಲೆ ಟ್ರೈಪಾಡ್ ಇಟ್ರೆ ಆಚೆ ಟಚ್‌ಲೈನ್ ಹತ್ರ ಏನ್ ನಡೀತಿದೆ ಅಂತ ದೇವರಾಣೆಗೂ ಗೊತ್ತಾಗಲ್ಲ, ಇಪ್ಪತ್ತೆರಡು ಜನಾನೂ ಒಂದೇ ಸಾಲಲ್ಲಿ ನಿಂತಂಗೆ ಕಾಣ್ತಾರೆ. ಎರಡನೇದು ಸೂರ್ಯ, ಅದು ಬೆನ್ನಿಗಿರಬೇಕು. ಸಂಜೆ ನಾಲ್ಕರ ಮೇಲೆ ಸ್ಟ್ಯಾಂಡಿನ ನೆರಳು ಅರ್ಧ ಫೀಲ್ಡಿಗೆ ಬೀಳತ್ತಲ್ಲ, ಆಗ ಆಟೋ ಎಕ್ಸ್‌ಪೋಷರ್ ಬಿಟ್ಟಿದ್ರೆ ಬಾಲ್ ನೆರಳಿಂದ ಬಿಸಿಲಿಗೆ ಹೋದಾಗೆಲ್ಲ ಪಿಕ್ಚರ್ ಬೆಳ್ಳಗಾಗಿ ಕಪ್ಪಗಾಗಿ ಕಣ್ಣು ನೋವು ಬರತ್ತೆ. ಮ್ಯಾನುವಲ್ ಹಾಕಿ, ಬಿಸಿಲಿನ ಕಡೆ ಸ್ವಲ್ಪ ಜಾಸ್ತಿ ಬೆಳ್ಳಗಾದ್ರೂ ಪರವಾಗಿಲ್ಲ, ನೆರಳಲ್ಲಿರೋ ಜೆರ್ಸಿ ನಂಬರ್ ಕಾಣೋ ಹಾಗಿಡಿ.

ಕ್ಯಾಮೆರಾ ದೊಡ್ಡದೇನೂ ಬೇಡ. ಆದ್ರೆ ಮದುವೆಗೆ ತಗೊಂಡ ಮಿರರ್‌ಲೆಸ್‌ಗಿಂತ ಹಳೇ ಹ್ಯಾಂಡಿಕ್ಯಾಮ್ ವಾಸಿ. ಜೂಮ್ ರಾಕರ್ ಬಟನ್ನು ಬೆರಳಡಿಗೆ ಸಿಗತ್ತೆ, ಬಿಸಿಲಲ್ಲಿ ಎರಡು ಗಂಟೆ ಓಡಿದ್ರೂ ಹೀಟ್ ಆಗಿ ಆಫ್ ಆಗಲ್ಲ. ದುಡ್ಡು ಹಾಕೋದಾದ್ರೆ ಟ್ರೈಪಾಡ್ ಹೆಡ್‌ಗೆ ಹಾಕಿ, ನಯವಾಗಿ ತಿರುಗೋ ಒಳ್ಳೇ ಫ್ಲೂಯಿಡ್ ಹೆಡ್ಡು. ಅಗ್ಗದ್ದು ತಗೊಂಡ್ರೆ ಪ್ಯಾನ್ ಮಾಡೋವಾಗೆಲ್ಲ ಜರ್ಕ್ ಹೊಡೆಯುತ್ತೆ, ನೋಡೋರಿಗೆ ತಲೆ ತಿರುಗತ್ತೆ. ಇನ್ನು ಲ್ಯಾಪ್‌ಟಾಪು ದೂರ ಇದ್ರೆ ಎಚ್‌ಡಿಎಂಐ ಕೇಬಲ್ ನಂಬ್ಕೋಬೇಡಿ, ಹತ್ತು ಹದಿನೈದು ಮೀಟರ್ ದಾಟಿದ್ರೆ ಸಿಗ್ನಲ್ ಕೈ ಕೊಡತ್ತೆ, ದೂರಕ್ಕೂ ಸಿಗ್ನಲ್ ಒಯ್ಯೋ ಎಸ್‌ಡಿಐ ಕೇಬಲ್‌ಗೆ ಕನ್ವರ್ಟ್ ಮಾಡಿ ಎಳೀಬೇಕು.

ಈಗ ಆಪರೇಟ್ ಮಾಡೋ ವಿಷ್ಯ. ಮದುವೆ ಮಾಡಿ ಅಭ್ಯಾಸ ಆದ ಕೈ ಸುಮ್ನಿರಲ್ಲ, ಮುಖ ಕಂಡ ತಕ್ಷಣ ಕ್ಲೋಸಪ್ ಹೋಗು ಅನ್ನತ್ತೆ. ಫುಟ್‌ಬಾಲಲ್ಲಿ ಆ ಕೈನ ಕಟ್ಟಿಹಾಕಬೇಕು. ನಾನು ಪೂರ್ತಿ ಮ್ಯಾಚು ಹೆಚ್ಚುಕಮ್ಮಿ ಒಂದೇ ವೈಡಲ್ಲಿ ಹೊಡೀತೀನಿ, ಫೀಲ್ಡಿನ ಮೂರನೇ ಒಂದು ಭಾಗ, ಕೆಲವೊಮ್ಮೆ ಅರ್ಧ ಫೀಲ್ಡು ಫ್ರೇಮಲ್ಲಿ ಇರೋ ಹಾಗೆ. ಬಾಲ್‌ನ ಮಧ್ಯಕ್ಕೆ ಇಡೋದಿಲ್ಲ, ಅಟ್ಯಾಕ್ ಯಾವ ಕಡೆ ಹೋಗ್ತಿದೆಯೋ ಆ ಕಡೆ ಜಾಗ ಬಿಡ್ತೀನಿ. ಯಾಕಂದ್ರೆ ಕೋಚ್‌ಗೆ ಬಾಲ್ ಇರೋ ಹುಡುಗನಿಗಿಂತ ಮುಂದೆ ಓಡ್ತಿರೋ ಹುಡುಗ ಮುಖ್ಯ, ಡಿಫೆನ್ಸ್ ಲೈನ್ ಎಲ್ಲಿದೆ ಅನ್ನೋದು ಮುಖ್ಯ.

ಗೋಲ್ ಕಿಕ್ ನೋಡಿ. ಕೀಪರ್ ಉದ್ದಕ್ಕೆ ಒದೀತಾನೆ ಅಂತ ಅವನು ಹಿಂದೆ ಹೆಜ್ಜೆ ಇಡೋದ್ರಲ್ಲೇ ಗೊತ್ತಾಗತ್ತೆ. ಬಾಲ್ ಗಾಳೀಲಿ ಮೇಲೆ ಹೋದಾಗ ಕ್ಯಾಮೆರಾನೂ ಮೇಲೆತ್ತಿದ್ರೆ ಸಿಗೋದು ಆಕಾಶ, ಎದುರುಗಡೆ ಬಿಲ್ಡಿಂಗು, ಒಂದೆರಡು ಹದ್ದು. ಅದರ ಬದ್ಲು ಒದ್ದ ತಕ್ಷಣ ಬಾಲ್‌ನ ಬಿಟ್ಟು ಸೀದಾ ಅದು ಬೀಳೋ ಜಾಗಕ್ಕೆ ಹೋಗಿ ನಿಂತ್ಕೋಬೇಕು, ಹೆಡ್ಡಿಂಗ್‌ಗೆ ಇಬ್ರು ಒದ್ದಾಡ್ತಿರೋದು ಫ್ರೇಮಲ್ಲಿ ಬಂದಿರತ್ತೆ, ಬಾಲ್ ತಾನಾಗೇ ಬಂದು ಬೀಳತ್ತೆ. ಕಾರ್ನರ್‌ಗೂ ಹಂಗೇ, ಒದೆಯೋನು ಮತ್ತೆ ಫಾರ್ ಪೋಸ್ಟು (ಆಚೆ ಕಡೆಯ ಗೋಲ್ ಕಂಬ) ಎರಡೂ ಒಂದೇ ಫ್ರೇಮಲ್ಲಿ ಇಟ್ಟು ಕೈ ತೆಗೆದುಬಿಡಿ. ಬಾಕ್ಸಲ್ಲಿ ತಳ್ಳಾಟ ಶುರುವಾದಾಗ ಜೂಮ್ ಮಾಡೋ ಆಸೆ ಬರತ್ತೆ, ಮಾಡಬೇಡಿ.

ಗೋಲ್ ಆದಾಗ ಇನ್ನೊಂದು ಚಟ, ಹೊಡೆದವನ ಹಿಂದೆ ಜೂಮ್ ಮಾಡ್ಕೊಂಡು ಓಡೋದು. ದೊಡ್ಡ ಟಿವಿಯವರಿಗೆ ನಡೆಯುತ್ತೆ, ಅವರ ಹತ್ರ ಇನ್ನೊಂದಷ್ಟು ಕ್ಯಾಮೆರಾ ಇರತ್ತೆ. ನಮಗೆ ಒಂದೇ ಕಣ್ಣು. ಹುಡುಗ ಶರ್ಟ್ ಎತ್ಕೊಂಡು ಕುಣೀತಿರ್ತಾನೆ, ಅಲ್ಲಿ ಲೈನ್ಸ್‌ಮನ್ ಫ್ಲ್ಯಾಗ್ ಎತ್ತಿ ನಿಂತಿರ್ತಾರೆ, ನೋಡೋರಿಗೆ ಏನಾಯ್ತು ಅಂತಾನೇ ತಿಳಿಯಲ್ಲ. ಅದಕ್ಕೆ ನಾನು ರೆಫರಿ ಸೆಂಟರ್ ಕಡೆ ಕೈ ತೋರ್ಸೋವರೆಗೂ ವೈಡ್ ಬಿಡಲ್ಲ. ಆಮೇಲೆ ಬೇಕಾದ್ರೆ ಕುಣಿತ ನೋಡ್ಕೊಳ್ಳಲಿ. ರೀಪ್ಲೇನ ಲೈವ್ ಕಳ್ಸೋ ಸಾಫ್ಟ್‌ವೇರ್ ಓಬಿಎಸ್‌ನ ರೀಪ್ಲೇ ಬಫರಲ್ಲಿ ಹಿಡ್ಕೊಂಡು ಸೆಂಟರ್ ಕಿಕ್‌ಗೆ ಮುಂಚೆ ಟೈಂ ಸಿಕ್ರೆ ಮಾತ್ರ ಹಾಕೋದು, ಆಟ ಶುರುವಾದ್ಮೇಲೆ ರೀಪ್ಲೇ ಹಾಕಿ ಇನ್ನೊಂದು ಗೋಲ್ ಮಿಸ್ ಮಾಡಿದ್ರೆ ಬೈಗುಳ ತಿನ್ನೋಕೆ ರೆಡಿಯಾಗಿರಿ.

ಎಐ ಕ್ಯಾಮೆರಾ ತಗೊಳ್ಳಿ, ಮನುಷ್ಯನೇ ಬೇಡ ಅಂತ ಹೇಳೋರು ಇದಾರೆ. ತಪ್ಪೇನಲ್ಲ, ಟ್ರೈನಿಂಗ್‌ಗೆ, ಮಕ್ಕಳ ಮ್ಯಾಚ್‌ಗೆ ಚೆನ್ನಾಗೇ ಕೆಲಸ ಮಾಡತ್ತೆ. ಆದ್ರೆ 2020ರ ಅಕ್ಟೋಬರಲ್ಲಿ ಸ್ಕಾಟ್ಲೆಂಡಿನ ಎರಡನೇ ಡಿವಿಷನ್ನಲ್ಲಿ ಇನ್ವರ್ನೆಸ್ ಟೀಮು ಏರ್ ಯುನೈಟೆಡ್ ಮೇಲೆ ಆಡ್ತಿದ್ದಾಗ ಏನಾಯ್ತು ಗೊತ್ತಲ್ಲ, ಆಟೋಮ್ಯಾಟಿಕ್ ಕ್ಯಾಮೆರಾ ಬಾಲ್ ಬಿಟ್ಟು ಲೈನ್ಸ್‌ಮನ್‌ನ ಬೋಳುತಲೆ ಹಿಂದೆ ಬಿದ್ದಿತ್ತು. ಕೋವಿಡ್ ಟೈಮು ಬೇರೆ, ಸ್ಟೇಡಿಯಂ ಖಾಲಿ, ಮನೇಲಿ ಕೂತೋರಿಗೆ ಅದೊಂದೇ ಗತಿ. ನಮ್ಮ ಕಡೆ ಮೈದಾನದಲ್ಲಿ ಪಕ್ಕದಲ್ಲೇ ಇನ್ನೊಂದು ಬಾಲ್ ಇಟ್ಕೊಂಡು ಮಕ್ಕಳು ಆಡ್ತಿರ್ತಾರೆ, ಮಧ್ಯೆ ನಾಯಿ ಬರತ್ತೆ, ಎಐ ಪಾಪ ಏನ್ ಮಾಡ್ಬೇಕು.

ನೆಟ್ ವಿಷ್ಯಕ್ಕೆ ಬರೋಣ. ಬೇರೆ ಬೇರೆ ಕಂಪನಿ ಸಿಮ್ ಎರಡು ಇಟ್ಕೊಳ್ಳಿ, ಎರಡನ್ನೂ ಒಟ್ಟಿಗೆ ಸೇರ್ಸಿ ಕಳ್ಸೋ ಬಾಂಡಿಂಗ್ ಆಪ್ ಸಿಕ್ರೆ ಇನ್ನೂ ಒಳ್ಳೇದು. 1080 ಬೇಕು ಅಂತ ಹಠ ಹಿಡಿಯೋ ಬದ್ಲು 720ರಲ್ಲಿ ಮೂರೂವರೆ ನಾಲ್ಕು ಎಂಬಿಪಿಎಸ್‌ಗೆ ಫಿಕ್ಸ್ ಮಾಡಿ, ಕೀಫ್ರೇಮ್ (ಪೂರ್ತಿ ಚಿತ್ರ ಹೋಗೋ ಅಂತರ) ಎರಡು ಸೆಕೆಂಡು. ಪಿಕ್ಚರ್ ಸ್ವಲ್ಪ ಮಸುಕಾದ್ರೆ ಯಾರೂ ಕಂಪ್ಲೇಂಟ್ ಮಾಡಲ್ಲ, ಬಫರಿಂಗ್ ಆದ್ರೆ ಎದ್ದು ಹೋಗ್ತಾರೆ. ಕ್ಯಾಮೆರಾದ ಕಾರ್ಡಲ್ಲಿ ಪೂರ್ತಿ ರೆಕಾರ್ಡಿಂಗ್ ಮಾತ್ರ ತಪ್ಪದೇ ಓಡ್ತಿರಲಿ. ಮ್ಯಾಚ್ ಮುಗಿದ್ಮೇಲೆ ಕೋಚ್‌ಗಳು ಅದನ್ನೇ ಕೇಳೋದು, ಹುಡುಗ್ರು ಬೇರೆ ಕ್ಲಬ್ ಟ್ರಯಲ್ಸ್‌ಗೆ ಕಳಿಸೋಕೆ ತಮ್ಮ ಕ್ಲಿಪ್ ಕತ್ತರಿಸಿಕೊಡಿ ಅಂತ ಅದಕ್ಕೇ ಗಂಟು ಬೀಳೋದು. ಬೆಂಗಳೂರು ಮುಸ್ಲಿಮ್ಸ್ ಟೀಮು 1937, 1938ರಲ್ಲಿ ಮುಂಬೈನ ಹಳೇ ಟೂರ್ನಮೆಂಟು ರೋವರ್ಸ್ ಕಪ್ ಗೆದ್ದ ಕಥೆ, 1948ರ ಒಲಿಂಪಿಕ್ಸಲ್ಲಿ ಫ್ರಾನ್ಸ್ ಮೇಲೆ ಗೋಲ್ ಹೊಡೆದ ನಮ್ಮೂರಿನ ರಾಮನ್, ಬರಿಗಾಲಲ್ಲಿ ಆಡಿದ ಅಹ್ಮದ್ ಖಾನ್, ಇವರ ಬಗ್ಗೆ ಸ್ಟ್ಯಾಂಡಲ್ಲಿ ಹಿರಿಯರು ಗಂಟೆಗಟ್ಲೆ ಮಾತಾಡ್ತಾರೆ, ಅವರ ಲೀಗ್ ಮ್ಯಾಚು ಒಂದಾದ್ರೂ ಕೂತು ನೋಡೋಣ ಅಂದ್ರೆ ನಂಗೆಲ್ಲಿ ಸಿಗ್ಬೇಕು. ಹಾರ್ಡ್ ಡಿಸ್ಕ್ ದುಬಾರಿ ಅಂತ ಫೂಟೇಜ್ ಅಳಿಸೋರನ್ನ ಕಂಡ್ರೆ ಅದಕ್ಕೇ ನಂಗೆ ಮೈ ಉರಿಯತ್ತೆ.

ಸೌಂಡ್ ಬಗ್ಗೆ ಯಾರೂ ಹೇಳ್ಕೊಡಲ್ಲ. ಸುತ್ತಲಿನ ಸದ್ದು ಹಿಡಿಯೋ ಆಂಬಿಯನ್ಸ್ ಮೈಕ್‌ನ ಡಗ್‌ಔಟ್ (ಕೋಚು, ಸಬ್‌ಸ್ಟಿಟ್ಯೂಟ್‌ಗಳು ಕೂರೋ ಜಾಗ) ಹತ್ರ ಇಟ್ರೆ ಆಟದ ಮಜಾ ಬರತ್ತೆ ನಿಜ, ಜೊತೆಗೆ ಕನ್ನಡ, ತಮಿಳು, ಉರ್ದು, ಮಲಯಾಳಂ ನಾಲ್ಕರಲ್ಲೂ ಅಮ್ಮ ಅಕ್ಕ ಎಲ್ಲಾ ಲೈವ್ ಹೋಗತ್ತೆ. ಮನೇಲಿ ಹುಡುಗನ ತಾಯಿ ನೋಡ್ತಿರ್ತಾರೆ ಮಾರಾಯ್ರೆ. ಗೋಲ್‌ಪೋಸ್ಟ್ ಹಿಂದೆ ಒಂದು ಶಾಟ್‌ಗನ್ ಮೈಕ್ (ಮುಖ ಮಾಡಿದ ಕಡೆಯ ಸದ್ದನ್ನೇ ಹೆಚ್ಚು ಹಿಡಿಯೋದು) ಇಡಿ, ಒದೆಯೋ ಸದ್ದೂ ಸಿಗತ್ತೆ, ಮಾನಾನೂ ಉಳಿಯತ್ತೆ. ಹಾಫ್‌ಟೈಮಲ್ಲಿ ಸ್ಪೀಕರಲ್ಲಿ ಸಿನಿಮಾ ಹಾಡು ಹಾಕ್ತಾರಲ್ಲ, ಆವಾಗ ಮೈಕ್ ಪೂರ್ತಿ ಮ್ಯೂಟ್ ಮಾಡಿ, ಇಲ್ಲಾಂದ್ರೆ ಯೂಟ್ಯೂಬ್ ಕಾಪಿರೈಟ್ ಅಂತ ಲೈವನ್ನೇ ನಿಲ್ಲಿಸೋ ಚಾನ್ಸ್ ಇದೆ.

ಕಾಮೆಂಟರಿಗೆ ನನ್ನ ಜೊತೆ ರಿಟೈರ್ಡ್ ಪಿಟಿ ಮೇಷ್ಟ್ರು ಒಬ್ರು ಬರ್ತಾರೆ. ಕನ್ನಡದಲ್ಲೇ ಹೇಳ್ತಾರೆ, ಮಧ್ಯೆ ಇಂಗ್ಲಿಷ್ ಎಷ್ಟ್ ಬೇಕೋ ಅಷ್ಟು. ನಾನು ಅವರಿಗೆ ಹೇಳಿರೋದು ಒಂದೇ, ಮೇಷ್ಟ್ರೇ ನೀವು ಲ್ಯಾಪ್‌ಟಾಪ್ ನೋಡಬೇಡಿ, ಫೀಲ್ಡ್ ನೋಡಿ, ಕ್ಯಾಮೆರಾಗೆ ಕಾಣದೇ ಇರೋದು ನಿಮಗೆ ಕಾಣತ್ತೆ. ಸಬ್‌ಸ್ಟಿಟ್ಯೂಟ್ ವಾರ್ಮ್ ಅಪ್ ಮಾಡ್ತಿರೋದು, ಹಿಂದೆ ಸೆಂಟರ್ ಬ್ಯಾಕ್ ಕುಂಟ್ತಿರೋದು, ಕೋಚ್ ಫಾರ್ಮೇಷನ್ ಬದ್ಲಾಯಿಸ್ತಿರೋದು. ಟೀಮ್ ಶೀಟ್ ಕಿಕ್ಕಾಫ್‌ಗೆ ಸ್ವಲ್ಪ ಮುಂಚೆ ಕೈಬರಹದಲ್ಲಿ ಸಿಗತ್ತೆ, ಅದರಲ್ಲಿ ಹೆಸರು ಅರ್ಧಂಬರ್ಧ. ಮೇಷ್ಟ್ರು ಅದನ್ನ ತಗೊಂಡು ಸೀದಾ ವಾರ್ಮ್ ಅಪ್ ಹತ್ರ ಹೋಗಿ ಒಬ್ಬೊಬ್ಬನನ್ನೂ ನಿನ್ನ ಹೆಸರು ಹೆಂಗೆ ಹೇಳ್ಬೇಕಪ್ಪಾ ಅಂತ ಕೇಳಿ ಕನ್ನಡದಲ್ಲಿ ಬರ್ಕೊಂಡು ಬರ್ತಾರೆ. ಐಜ್ವಾಲ್ ಕಡೆ ಹುಡುಗನ ಹೆಸರು ಅವರ ಬಾಯಲ್ಲಿ ಸರಿಯಾಗಿ ಬಂದಾಗ ಚಾಟಲ್ಲಿ ಒಂದು ಹಾರ್ಟು ಬೀಳತ್ತೆ, ನಮಗೆ ಅದೇ ಟಿಆರ್‌ಪಿ.

ಲೈವ್ ಕೊಟ್ರೆ ಜನ ಸ್ಟೇಡಿಯಂಗೆ ಬರಲ್ಲ ಅಂತ ಕ್ಲಬ್ ಕಡೆಯವರು ಕೆಲವ್ರು ತಕರಾರು ಮಾಡ್ತಾರೆ. ಈ ಭಯ ಹೊಸದಲ್ಲ. ಇಂಗ್ಲೆಂಡಲ್ಲಿ 1960ರ ದಶಕದಲ್ಲಿ ಬರ್ನ್ಲಿ ಕ್ಲಬ್ಬಿನ ಚೇರ್ಮನ್ ಬಾಬ್ ಲಾರ್ಡ್ ಇದೇ ವಾದ ಮಾಡಿದ್ದು, ಇವತ್ತಿಗೂ ಅಲ್ಲಿ ಶನಿವಾರ ಮಧ್ಯಾಹ್ನ ಪೌಣೆ ಮೂರರಿಂದ ಐದೂಕಾಲರವರೆಗೆ ಫುಟ್‌ಬಾಲ್ ಲೈವ್ ತೋರ್ಸೋ ಹಾಗಿಲ್ಲ. ಅಲ್ಲಿ ಮೂರನೇ, ನಾಲ್ಕನೇ ಡಿವಿಷನ್ ಕ್ಲಬ್ಬಿಗೂ ಸಾವಿರಗಟ್ಲೆ ಜನ ಟಿಕೆಟ್ ತಗೊಂಡು ಬರ್ತಾರೆ, ಗೇಟ್ ದುಡ್ಡಲ್ಲೇ ಅರ್ಧ ಸಂಸಾರ, ಅವರ ಭಯಕ್ಕೆ ಅರ್ಥ ಇದೆ. ಟಿವಿ ದುಡ್ಡು ನಂಬ್ಕೊಂಡು ಮುಳುಗಿದ್ದೂ ಅವ್ರಿಗೆ ಗೊತ್ತು, 2002ರಲ್ಲಿ ಐಟಿವಿ ಡಿಜಿಟಲ್ ಅನ್ನೋ ಟಿವಿ ಕಂಪನಿ ಬಿದ್ದಾಗ ಸಣ್ಣ ಕ್ಲಬ್‌ಗಳು ಸಂಬಳ ಕೊಡೋಕೆ ಪರದಾಡಿದ್ವು. ಈಗ 2024ರಿಂದ ಆ ಕ್ಲಬ್‌ಗಳ ಲೀಗಿಗೆ ಸ್ಕೈ ಟಿವಿ ಜೊತೆ ಐದು ವರ್ಷಕ್ಕೆ 93.5 ಕೋಟಿ ಪೌಂಡಿನ ಡೀಲು, ಸೀಸನ್‌ಗೆ ಸಾವಿರಕ್ಕೂ ಹೆಚ್ಚು ಮ್ಯಾಚ್ ಲೈವು. ನಮ್ಮಲ್ಲಿ ವಾರದ ದಿನ ಮಧ್ಯಾಹ್ನ ಸ್ಟ್ಯಾಂಡಲ್ಲಿ ಕೂತಿರೋರು ಎಷ್ಟು ಜನ ಸ್ವಾಮಿ? ಲೈವ್ ನಿಲ್ಲಿಸಿದ್ರೆ ಇಂಫಾಲಲ್ಲಿರೋ ಅಪ್ಪ ಅಶೋಕನಗರಕ್ಕೆ ಬಸ್ ಹತ್ತಿ ಬರ್ತಾರಾ? ಗೇಟ್ ಕಲೆಕ್ಷನ್ ಕಮ್ಮಿ ಆಗೋಕೆ ಮೊದ್ಲು ಗೇಟಲ್ಲಿ ಕಲೆಕ್ಷನ್ ಇರಬೇಕಲ್ಲ.

ಇದರಲ್ಲಿ ದುಡ್ಡು ಎಷ್ಟಿದೆ ಅಂತ ಕೇಳೋರಿಗೆ, ಯೂಟ್ಯೂಬಿಂದ ಬರೋದು ಟೀ ಕಾಸು. ಕ್ಲಬ್ಬೋ ಆರ್ಗನೈಸರ್ರೋ ದಿನಕ್ಕಿಷ್ಟು ಅಂತ ಕೊಡ್ತಾರೆ, ಅಡ್ವಾನ್ಸ್ ತಗೊಳ್ದೇ ಕೇಬಲ್ ಬಿಚ್ಚಬೇಡಿ. ಸ್ಕೋರ್ ಬೋರ್ಡ್ ಮೂಲೇಲಿ ಪಕ್ಕದ ಸ್ಪೋರ್ಟ್ಸ್ ಅಂಗಡಿ ಲೋಗೋ ಹಾಕಿ ಅವರ ಹತ್ರಾನೂ ಸ್ವಲ್ಪ ಗಿಟ್ಟಿಸಬಹುದು. ಶುಭ ಮುಹೂರ್ತ ಇರೋ ಭಾನುವಾರ ಅಂದ್ರೆ ನಾನು ಮದುವೆಗೇ ಹೋಗೋದು, ಮ್ಯಾಚ್‌ಗೆ ನನ್ನ ಅಸಿಸ್ಟೆಂಟ್ ಹುಡುಗ ಹೋಗ್ತಾನೆ. ಅವನು ನನಗಿಂತ ಚೆನ್ನಾಗಿ ಹೊಡೀತಾನೆ, ಯಾಕಂದ್ರೆ ಅವನು ಸಿ ಡಿವಿಷನಲ್ಲಿ ರೈಟ್ ಬ್ಯಾಕ್ ಆಡಿದೋನು, ಬಾಲ್ ಮುಂದೆ ಎಲ್ಲಿಗೆ ಹೋಗತ್ತೆ ಅಂತ ಅವನ ಕೈಗೆ ಮೊದಲೇ ಗೊತ್ತಿರತ್ತೆ. ನೀವು ಶುರು ಮಾಡೋರಾದ್ರೆ ಆಪರೇಟರ್ ಕೆಲಸಕ್ಕೆ ಕ್ಯಾಮೆರಾ ಗೊತ್ತಿರೋನಿಗಿಂತ ಆಟ ಆಡಿರೋನನ್ನ ಹುಡುಕಿ, ಬಟನ್‌ಗಳನ್ನ ಒಂದು ಸಂಜೇಲಿ ಕಲಿಸಬಹುದು. ಎರಡನೇ ಕ್ಯಾಮೆರಾ ಯಾವಾಗ ಅಂತ ಅವನೂ ಕೇಳ್ತಿರ್ತಾನೆ. ಗೋಲ್ ಹಿಂದೆ ಕಂಬಕ್ಕೆ ಒಂದು ಹಳೇ ಫೋನ್ ಕಟ್ಟಿ ವೈಫೈಯಲ್ಲಿ ತರೋ ಪ್ಲಾನ್ ಇದೆ, ಆದ್ರೆ ಸ್ವಿಚ್ ಮಾಡೋಕೆ ಇನ್ನೊಬ್ಬ ಬೇಕು, ಅವನ ಊಟ ಬ್ಯಾಟಾ ಯಾರು ಕೊಡೋದು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.