ಸ್ಕೂಬಲ್ ಎಸೆದರೆ ಸೋತಂತೆಯೇ? ಸರಣಿಗೆ ಮುಂಚೆ ನಾನು ಹಾಕುವ ಲೆಕ್ಕ

2025ರ ಅಕ್ಟೋಬರ್‌ನಲ್ಲಿ, ಅಮೆರಿಕದ ಬೇಸ್‌ಬಾಲ್ ಪ್ಲೇಆಫ್‌ನ ಐದು ಪಂದ್ಯದ ಸರಣಿಯಲ್ಲಿ (ಮೂರು ಗೆದ್ದವರು ಮುಂದಕ್ಕೆ), ನಮ್ಮ ಸಿಯಾಟಲ್ ಮ್ಯಾರಿನರ್ಸ್‌ಗೆ ಡೆಟ್ರಾಯಿಟ್ ಟೈಗರ್ಸ್ ಎದುರಾದಾಗ ಗೆಳೆಯರ ಗುಂಪಿನಲ್ಲಿ ಎಲ್ಲರದೂ ಒಂದೇ ಮಾತು: ಅವರ ಮುಖ್ಯ ಪಿಚರ್ (ಚೆಂಡು ಎಸೆಯುವವನು) ತಾರಿಕ್ ಸ್ಕೂಬಲ್ ಎಸೆಯುವ ಎರಡು ಪಂದ್ಯ ಹೋಯಿತು ಅಂತಲೇ ಬರೆದುಕೊಳ್ಳಿ, ಉಳಿದ ಮೂರನ್ನೂ ಗೆದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನನ್ನ ಎಕ್ಸೆಲ್ ಶೀಟ್ ಮಾತ್ರ ಆ ಎರಡು ಪಂದ್ಯಕ್ಕೂ ನಮಗೆ ನೂರಕ್ಕೆ ನಲವತ್ತೈದರ ಹತ್ತಿರ ಗೆಲುವಿನ ಸಾಧ್ಯತೆ ಕೊಡುತ್ತಿತ್ತು. "ನಿನ್ನ ಎಕ್ಸೆಲ್‌ಗೆ ಜ್ವರ ಬಂದಿದೆ, ನೋಡಿಸು" ಅಂದರು. ಎರಡನ್ನೂ ಗೆದ್ದೆವು. ಅಂದು ಗೇಲಿ ಮಾಡಿದವರೇ ಈಗ ಶೀಟ್ ಕಳಿಸು ಅಂತ ಹಿಂದೆ ಬಿದ್ದಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ. ಗೆಲುವಿನ ಸಾಧ್ಯತೆ ಅಳೆಯಲು ಬೇಸ್‌ಬಾಲ್ ಅಂಕಿಅಂಶದವರು ಬಳಸುವ ಸೂತ್ರಗಳನ್ನು ಇಲ್ಲಿ ಅರೆಯುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಲೆಕ್ಕ ಹಾಕುವುದು ಬೆಟ್ಟಿಂಗ್‌ಗಲ್ಲ, ಟಿಕೆಟ್‌ಗೆ. ಯಾವ ಪಂದ್ಯದ ಟಿಕೆಟ್ ಯಾವಾಗ ಕೊಂಡರೆ ಜೇಬಿಗೆ ಕಡಿಮೆ ಕತ್ತರಿ ಅನ್ನುವುದಷ್ಟೇ ನನ್ನ ಪ್ರಶ್ನೆ. ಈ ಪ್ರಶ್ನೆ ಹುಟ್ಟಿದ್ದು 2022ರಲ್ಲಿ. ಆ ವರ್ಷ ಮ್ಯಾರಿನರ್ಸ್ 21 ವರ್ಷಗಳ ನಂತರ ಪ್ಲೇಆಫ್ ಮುಟ್ಟಿತ್ತು. ಟೊರಾಂಟೊದಲ್ಲಿ 8-1ರ ಹಿನ್ನಡೆಯಿಂದ ಎದ್ದು 10-9ಕ್ಕೆ ಗೆದ್ದು ಬಂದಿದ್ದರು, ಊರಿಗೆ ಊರೇ ಹುಚ್ಚೆದ್ದಿತ್ತು. ಆಗ ನನ್ನ ವಿಧಾನ ಕೊನೆಯ 30 ದಿನದ ಫಾರ್ಮ್. ಅದು ನಮ್ಮನ್ನು ಹ್ಯೂಸ್ಟನ್‌ಗೆ ಸರಿಸಮ ಅಂತ ತೋರಿಸಿತು. ಅವರದು 106 ಗೆಲುವು, ನಮ್ಮದು 90, ಅದನ್ನು ಫಾರ್ಮ್ ಮುಚ್ಚಿಹಾಕಿತು. ಸರಣಿ ನಾಲ್ಕಕ್ಕೆ ಹೋಗೇ ಹೋಗುತ್ತದೆ ಅಂತ ಮೂರು ಮತ್ತು ನಾಲ್ಕನೇ ಪಂದ್ಯ ಎರಡಕ್ಕೂ ಟಿಕೆಟ್ ಹಾಕಿದೆ, ಮೈದಾನದ ಪಕ್ಕದಲ್ಲಿ ಕಾರ್ ನಿಲ್ಲಿಸಲು ಮುಂಗಡವೂ ಕಟ್ಟಿದೆ. ಮೂರನೇ ಪಂದ್ಯ ಮಾಮೂಲು ಒಂಬತ್ತರ ಬದಲು 18 ಇನಿಂಗ್ಸ್, ಆರು ಗಂಟೆಗೂ ಮೀರಿ, ಕೊನೆಗೆ ಹ್ಯೂಸ್ಟನ್‌ನ ಜೆರೆಮಿ ಪೆನ್ಯಾ ಹೊಡೆದ ಒಂದೇ ಒಂದು ಹೋಮ್ ರನ್ (ಚೆಂಡು ಬೇಲಿಯಾಚೆಗೆ), 0-1. ಮೂರಕ್ಕೆ ಮೂರೂ ಸೋತು ಸರಣಿ ಮುಗಿಯಿತು. ನಡೆಯದ ನಾಲ್ಕನೇ ಪಂದ್ಯದ ಟಿಕೆಟ್ ದುಡ್ಡು ವಾರಗಟ್ಟಲೆ ಕಾಯಿಸಿ ವಾಪಸ್ ಬಂತು, ಪಾರ್ಕಿಂಗ್ ದುಡ್ಡು ಇವತ್ತಿಗೂ ಬಂದಿಲ್ಲ. ಎಲ್ಲ ಸೇರಿ ಆ ವಾರ 700 ಡಾಲರ್ ಹತ್ತಿರ ಇಳಿದಿತ್ತು. ಮನೆಯಲ್ಲಿ ಆದ ಚರ್ಚೆ ಇಲ್ಲಿ ಬೇಡ.

2023ರಲ್ಲಿ ವಿಧಾನ ಬದಲಿಸಿದೆ: ಫಾರ್ಮ್ ಬಿಟ್ಟು ಇಡೀ ಸೀಸನ್‌ನ ಗೆಲುವು ಹಿಡಿದೆ. ನಮ್ಮ ತಂಡ ಆ ವರ್ಷ ಪ್ಲೇಆಫ್‌ಗೇ ಬರಲಿಲ್ಲ, ಹಾಗಾಗಿ ಗೆಲ್ಲುವ ತಂಡ ಊಹಿಸುವ ಆಫೀಸಿನ 20 ಡಾಲರ್ ಪೂಲ್‌ನಲ್ಲಿ ಪರೀಕ್ಷೆ ಮಾಡಿದೆ. ಅಟ್ಲಾಂಟಾ 104 ಗೆಲುವು, ಬಾಲ್ಟಿಮೋರ್ 101, ಡಾಡ್ಜರ್ಸ್ 100, ಮೂವರೂ ಡಿವಿಷನ್ ಸರಣಿಯಲ್ಲೇ (ಪ್ಲೇಆಫ್‌ನ ಎರಡನೇ ಸುತ್ತು) ಮನೆಗೆ. ವರ್ಲ್ಡ್ ಸೀರೀಸ್, ಅಂದರೆ ಫೈನಲ್, ಆಡಿದ್ದು 90 ಗೆದ್ದ ಟೆಕ್ಸಾಸ್ ಮತ್ತು 84 ಗೆದ್ದ ಅರಿಜೋನಾ. ಪೂಲ್ ಗೆದ್ದಿದ್ದು ಟೋಪಿಯ ಬಣ್ಣ ನೋಡಿ ತಂಡ ಆರಿಸಿದ ಸಹೋದ್ಯೋಗಿ. ಸಿಯಾಟಲ್‌ನಲ್ಲಿ ಬದುಕುವವನು ಇದನ್ನು ಕಲಿಯಲು 2023ರವರೆಗೆ ಕಾಯಬೇಕಿರಲಿಲ್ಲ ಅನ್ನಿ. 2001ರಲ್ಲಿ 116 ಪಂದ್ಯ ಗೆದ್ದ ತಂಡ ನಮ್ಮದು, 95 ಗೆದ್ದ ಯಾಂಕೀಸ್ ಕೈಯಲ್ಲಿ 4-1ಕ್ಕೆ ಸೋತಿತ್ತು.

ಆಗ ಮಗಳ ಕೈಗೆ ಒಂದು ಕ್ವಾರ್ಟರ್ ನಾಣ್ಯ ಕೊಟ್ಟೆ. ಈಗಿನ ಪದ್ಧತಿಯಲ್ಲಿ ಪ್ಲೇಆಫ್‌ನಲ್ಲಿ ವರ್ಷಕ್ಕೆ 11 ಸರಣಿ. ಹಳೆಯ ವರ್ಷಗಳನ್ನೂ ಸೇರಿಸಿ ಎಲ್ಲಕ್ಕೂ ಅವಳು ನಾಣ್ಯ ಚಿಮ್ಮಿದಳು, ನಾನು ಸೂತ್ರ ಹಚ್ಚಿದೆ. ನನ್ನದು ಅರ್ಧಕ್ಕಿಂತ ಒಂದೆರಡು ಮೇಲೆ, ನಾಣ್ಯದ್ದು ಅದಕ್ಕಿಂತ ಒಂದೋ ಎರಡೋ ಕೆಳಗೆ. ಇಷ್ಟಕ್ಕೆ ಶೀಟ್ ಯಾಕೆ? ಆದರೆ ಒಂದು ವಿಷಯ ಅಲ್ಲೇ ಹೊಳೆಯಿತು. ಯಾರು ಗೆಲ್ಲುತ್ತಾರೆ ಅನ್ನುವ ಸಂಖ್ಯೆ ಎಷ್ಟು ತಿರುವಿದರೂ 45ರಿಂದ 55ರೊಳಗೇ ಹೊರಳಾಡುತ್ತದೆ. ಅದರ ಹಿಂದೆ ಬಿದ್ದು ಲಾಭವಿಲ್ಲ. ಯಾವ ಪಂದ್ಯ ಯಾರ ಕೈಯಲ್ಲಿ ಶುರುವಾಗುತ್ತದೆ, ಸರಣಿ ಎಷ್ಟು ಉದ್ದ ಎಳೆಯುತ್ತದೆ, ಈ ಎರಡರ ಮೇಲೆ ಲೆಕ್ಕ ಹಾಕಬಹುದು. ಟಿಕೆಟ್ ಕೊಳ್ಳುವವನಿಗೆ ಬೇಕಾಗಿರುವುದೂ ಇದೇ ತಾನೆ?

ಅಲ್ಲಿಂದ ಶೀಟನ್ನು ಪಂದ್ಯಕ್ಕೊಂದು ಸಾಲಿನಂತೆ ಮರುಕಟ್ಟಿದೆ. ಪ್ರತಿ ಸಾಲಿಗೂ ತಂಡಗಳ ಮೂಲ ಅಂತರ (ರನ್ ವ್ಯತ್ಯಾಸದಿಂದ, ಗೆಲುವಿನಿಂದಲ್ಲ), ತವರಿಗೆ ಮೂರೂವರೆ, ನಾಲ್ಕು ಅಂಕ, ಆಮೇಲೆ ಪಿಚರ್. ಹತ್ತು ರನ್‌ಗೆ ಒಂದು ಗೆಲುವು ಅನ್ನುವ ಹಳೆಯ ಗಣಿತ ಒಂದೇ ಪಂದ್ಯಕ್ಕೆ ಇಳಿಸಿದರೆ ಒಂದು ರನ್ ಅಂದರೆ ನೂರಕ್ಕೆ ಹತ್ತು. ಸ್ಕೂಬಲ್‌ನ ಇ.ಆರ್.ಎ. (ಪಿಚರ್ ಒಂಬತ್ತು ಇನಿಂಗ್ಸ್‌ಗೆ ಕೊಡುವ ರನ್ ಸರಾಸರಿ) 2.21, ಲೀಗ್ ಸರಾಸರಿ ನಾಲ್ಕರ ಮೇಲೆ ಸ್ವಲ್ಪ. ಒಂಬತ್ತು ಇನಿಂಗ್ಸ್‌ಗೆ ಎರಡು ರನ್ ಹತ್ತಿರದ ವ್ಯತ್ಯಾಸ. ಆದರೆ ಅವನು ಎಸೆಯುವುದು ಒಂಬತ್ತಲ್ಲ, ಪ್ಲೇಆಫ್‌ನಲ್ಲಿ ಸಾಮಾನ್ಯವಾಗಿ ಆರೋ ಏಳೋ. ಅಲ್ಲಿಗೆ ಅದು 1.3 ಆಯಿತು. ಒಂದು ಸೀಸನ್ನಿನ ಇ.ಆರ್.ಎ.ಯನ್ನು ಪೂರ್ತಿ ನಂಬಬಾರದು ಅಂತ ಇನ್ನಷ್ಟು ತಟ್ಟಿದರೆ ಒಂದು ರನ್. ತವರಿನಲ್ಲಿ ನಮ್ಮ 55, 56ರಿಂದ ಹತ್ತು ಕಳೆಯಿರಿ. ಅಷ್ಟೇ. ವರ್ಷದ ಅತ್ಯುತ್ತಮ ಪಿಚರ್ ಎದುರಿಗಿದ್ದರೂ ಪಂದ್ಯ 45-55.

ಸ್ಕೂಬಲ್ ಯಾವ ಪಂದ್ಯ ಎಸೆಯುತ್ತಾನೆ ಅನ್ನುವುದು ಕ್ಯಾಲೆಂಡರ್ ನೋಡಿದರೇ ಸಿಗುತ್ತಿತ್ತು. ಸೆಪ್ಟೆಂಬರ್ 30ಕ್ಕೆ ಕ್ಲೀವ್‌ಲ್ಯಾಂಡ್ ಮೇಲೆ ಎಸೆದಿದ್ದ. ಅಕ್ಟೋಬರ್ 4ರ ಮೊದಲ ಪಂದ್ಯಕ್ಕೆ ಮೂರೇ ದಿನದ ವಿಶ್ರಾಂತಿ, ಆಗದು. 5ಕ್ಕೆ ಎರಡನೆಯದು, 10ಕ್ಕೆ ಐದನೆಯದು. ಎರಡೂ ಸಿಯಾಟಲ್‌ನಲ್ಲೇ. ಒಂದೊಂದು ಪಂದ್ಯ ನಾವು ಗೆಲ್ಲುವ ಸಾಧ್ಯತೆ, ನೂರಕ್ಕೆ, ನನ್ನ ಐದು ಸಾಲಿನಲ್ಲಿ ಹೀಗಿತ್ತು: 58, 46, 51, 50, 45. ಕೂಡಿಸಿ ಕಳೆದರೆ ಸರಣಿಗೆ ಸರಿಯಾಗಿ 50. ಗೆಳೆಯರ ಲೆಕ್ಕದಂತೆ ಸ್ಕೂಬಲ್ ಪಂದ್ಯಗಳನ್ನು ಸೊನ್ನೆ ಮಾಡಿದರೆ ಉಳಿದ ಮೂರರ ಗುಣಾಕಾರ 15 ಬರುತ್ತದೆ. ಅವರು ಬಾಯಲ್ಲಿ "ಕಷ್ಟ ಇದೆ" ಅಂದರೂ ಹೇಳುತ್ತಿದ್ದುದು ನೂರಕ್ಕೆ ಹದಿನೈದು! ಇದನ್ನು ತೋರಿಸಿದಾಗ ಹಾಸನದ ಗೆಳೆಯನೊಬ್ಬ, "ಲೆಕ್ಕ ಸರಿ ಇರಬಹುದು ಮಾರಾಯ, ಆದರೆ ಸ್ಕೂಬಲ್ ನಿನ್ನ ಲೆಕ್ಕ ಓದಿಲ್ಲ" ಅಂದ. ಇನ್ನೊಂದು ಪಕ್ಷ ಮೊಮೆಂಟಮ್‌ನವರದು. ನಾವು ಸೆಪ್ಟೆಂಬರ್‌ನಲ್ಲಿ 18ರಲ್ಲಿ 17 ಗೆದ್ದವರು, ಟೈಗರ್ಸ್ ಹದಿನೈದು ಪಂದ್ಯಗಳ ಮುನ್ನಡೆ ಕಳೆದುಕೊಂಡು ವೈಲ್ಡ್ ಕಾರ್ಡ್‌ನಲ್ಲಿ (ಡಿವಿಷನ್ ಗೆಲ್ಲದವರಿಗೆ ಇರುವ ದಾರಿ) ತೂರಿಬಂದವರು, ಮೂರಕ್ಕೇ ಮುಗಿಯುತ್ತದೆ ಅಂತ ಅವರ ವಾದ. 2022ರಲ್ಲಿ ನನ್ನದೂ ಇದೇ ವಾದವಾಗಿತ್ತಾದ್ದರಿಂದ ಸುಮ್ಮನಿದ್ದೆ.

ಐದನೇ ಪಂದ್ಯಕ್ಕೆ ಹೋಗುವ ಸಾಧ್ಯತೆ ಶೀಟ್ ಪ್ರಕಾರ 38. "ಮೂವತ್ತೆಂಟಕ್ಕೆ ಯಾಕೆ ದುಡ್ಡು ಹಾಕ್ತೀಯ?" ಇಲ್ಲೇ ಜನ ಎಡವುವುದು. ಪಂದ್ಯ ನಡೆಯದಿದ್ದರೆ ಟಿಕೆಟ್ ದುಡ್ಡು ವಾಪಸ್, ಕಳೆದುಕೊಳ್ಳುವುದು ಕಾಯುವ ದಿನಗಳನ್ನಷ್ಟೇ. ನಡೆದರೆ ಅದು ಮಾಡು ಇಲ್ಲವೇ ಮಡಿ ಪಂದ್ಯ, ಬೆಲೆ ಏರಿಯೇ ತೀರುತ್ತದೆ. ಸರಣಿಗೆ ಮೊದಲು "ಸ್ಕೂಬಲ್ ಎಸೆಯುವ ಪಂದ್ಯ, ಅಳೋದಕ್ಕೆ ಯಾರು ಹೋಗ್ತಾರೆ" ಅನ್ನುವ ಅಂಜಿಕೆಯೂ ಬೆಲೆಯಲ್ಲಿ ಸೇರಿತ್ತು ಅಂತ ನನ್ನ ಊಹೆ. ಮೇಲಿನ ಅಂತಸ್ತಿನಲ್ಲಿ ತಲೆಗೆ 130, 140ಕ್ಕೆ ಮೂರು ಸಿಕ್ಕವು. ಪಂದ್ಯದ ದಿನ ಶುಕ್ರವಾರ ಬೆಳಿಗ್ಗೆ ಅದೇ ಸಾಲು 230 ದಾಟಿತ್ತು. ಪಾರ್ಕಿಂಗ್ ಈ ಸಲ ಕೊಳ್ಳಲಿಲ್ಲ. ನಾರ್ತ್‌ಗೇಟ್‌ನಲ್ಲಿ ಕಾರ್ ಬಿಟ್ಟು ಲೈಟ್ ರೈಲ್ ಹತ್ತಿ ಸ್ಟೇಡಿಯಂ ಸ್ಟೇಷನ್‌ನಲ್ಲಿ ಇಳಿದೆವು, ಖರ್ಚು ಲೆಕ್ಕಕ್ಕಿಲ್ಲದಷ್ಟು.

ಎರಡನೇ ಪಂದ್ಯ ಗೆದ್ದಾಗಲೇ ನನಗೆ ಧೈರ್ಯ ಬಂದಿತ್ತು. ನಮ್ಮ ಜಾರ್ಜ್ ಪೊಲಾಂಕೊ ಸ್ಕೂಬಲ್ ಮೇಲೆಯೇ ಎರಡು ಹೋಮ್ ರನ್ ಹೊಡೆದ, ಸರಿ. ಆದರೆ ಗೆಲುವಿನ ರನ್ ಬಂದದ್ದು ಎಂಟನೇ ಇನಿಂಗ್ಸ್‌ನಲ್ಲಿ, ಸ್ಕೂಬಲ್ ಡಗೌಟ್‌ನಲ್ಲಿ ಕೂತಿದ್ದಾಗ. ಐದನೇ ಪಂದ್ಯದಲ್ಲಿ ಅವನು ಮನುಷ್ಯನಂತೆ ಎಸೆಯಲಿಲ್ಲ. ಆರು ಇನಿಂಗ್ಸ್, 13 ಸ್ಟ್ರೈಕ್‌ಔಟ್ (ಚೆಂಡು ಹೊಡೆಯಲಾಗದೆ ಔಟಾದವರು). ನಮ್ಮ ಸಾಲಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಇತ್ತ ಟೈಗರ್ಸ್‌ನ ಕೆರಿ ಕಾರ್ಪೆಂಟರ್, ಎಂದಿನಂತೆ ನಮ್ಮ ಪಿಚರ್ ಕರ್ಬಿ ಮೇಲಲ್ಲ, ಅವನ ಬದಲು ಬಂದ ಗೇಬ್ ಸ್ಪೈಯರ್ ಮೇಲೆ ಹೊಡೆದು 2-1 ಮಾಡಿದ್ದ. (ಕಾರ್ಪೆಂಟರ್-ಕರ್ಬಿ ಜೋಡಿಗೆ ಶೀಟ್‌ನಲ್ಲಿ ಪ್ರತ್ಯೇಕ ಅಂಕ ಕೊಡಬೇಕೋ ಬೇಡವೋ ಅಂತ ನನಗೆ ಇನ್ನೂ ತೀರ್ಮಾನವಾಗಿಲ್ಲ. ಒಬ್ಬರ ಮೇಲೊಬ್ಬರ ಇತಿಹಾಸಕ್ಕೆ ಬೆಲೆ ಕೊಡಬಾರದು ಅನ್ನುವುದು ನನ್ನ ನಿಯಮ, ಆ ಮನುಷ್ಯ ನಿಯಮ ಮುರಿಯುತ್ತಲೇ ಇದ್ದಾನೆ.) ನಾನು ಮಾತ್ರ ಸ್ಕೋರ್‌ಬೋರ್ಡ್‌ನಲ್ಲಿ ರನ್ ನೋಡುತ್ತಿರಲಿಲ್ಲ, ಸ್ಕೂಬಲ್ ಎಸೆದ ಚೆಂಡು ಎಷ್ಟಾಯಿತು ಅಂತ ನೋಡುತ್ತಿದ್ದೆ. 99ಕ್ಕೆ ಬಂದು ನಿಂತಿತು. ಏಳನೇ ಇನಿಂಗ್ಸ್‌ಗೆ ಅವನು ಬರಲಿಲ್ಲ. ನಮ್ಮ ಕಡೆ ಬದಲಿ ಬ್ಯಾಟರ್ ಆಗಿ ಬಂದ ಲಿಯೊ ರಿವಾಸ್ ಅದೇ ಇನಿಂಗ್ಸ್‌ನಲ್ಲಿ ಸಮ ಮಾಡಿದ. ಆಮೇಲೆ ನಮ್ಮವರು ಸ್ಟಾರ್ಟರ್‌ಗಳಾದ (ಪಂದ್ಯ ಶುರುಮಾಡುವ ಪಿಚರ್‌ಗಳು) ಗಿಲ್ಬರ್ಟ್, ಕಾಸ್ಟಿಯೊ ಇಬ್ಬರನ್ನೂ ಬುಲ್‌ಪೆನ್‌ನಿಂದ (ಬದಲಿ ಪಿಚರ್‌ಗಳ ಪಡೆ) ಇಳಿಸಿದರು, 15ನೇ ಇನಿಂಗ್ಸ್‌ನಲ್ಲಿ ಮೂರೂ ಬೇಸ್ ತುಂಬಿದ್ದಾಗ ಪೊಲಾಂಕೊ ಬಲಗಡೆಗೆ ಹೊಡೆದ, 3-2. ಹಾಸನದವನು ಹಿಂದಿನ ಸಾಲಿನವರನ್ನೆಲ್ಲ ತಬ್ಬಿಕೊಂಡು ಮುಗಿಸಿ ನನ್ನ ಕಡೆ ತಿರುಗಿ, "ಆರು ಇನಿಂಗ್ಸ್ ಅಂದಿದ್ದೆ ಅಲ್ವಾ ನೀನು" ಅಂದ. ಅಂದಿದ್ದೆ.

ನಡುವೆ ಮಾಡಿದ ಕೆಲವು ಉಪಪ್ರಯೋಗ. ಟಿ-ಮೊಬೈಲ್ ಪಾರ್ಕ್‌ನ ಚಾವಣಿ ಮುಚ್ಚಿದ್ದಾಗ, ತೆರೆದಿದ್ದಾಗ ರನ್ ವ್ಯತ್ಯಾಸ ಇದೆಯೇ ಅಂತ ಒಂದು ಚಳಿಗಾಲವಿಡೀ ಕೂತು ನೋಡಿದೆ. ಆ ಚಾವಣಿ ಮೇಲೆ ಬರುತ್ತದೆಯೇ ಹೊರತು ಬದಿಗಳು ತೆರೆದೇ ಇರುತ್ತವೆ, ಒಳಗಿನ ಹವೆ ಹೆಚ್ಚು ಬದಲಾಗುವುದಿಲ್ಲ. ಕೈಗೆ ಏನೂ ಹತ್ತಲಿಲ್ಲ, ಬಿಟ್ಟೆ. ಇದೇ ಶೀಟನ್ನು ನಮ್ಮ ಆರ್‌ಸಿಬಿಗೂ ಹಚ್ಚಿದ್ದೆ. ಅಲ್ಲಿ ಸರಣಿಯೇ ಇಲ್ಲ, ಕ್ವಾಲಿಫೈಯರ್ ಒಂದು, ಫೈನಲ್ ಒಂದು, ಮೇಲೆ ಟಾಸ್. ಉದ್ದ ಅಳೆಯುವ ಶೀಟ್‌ಗೆ ಅಳೆಯಲು ಉದ್ದವೇ ಇಲ್ಲ. 2025ರ ಜೂನ್ 3ಕ್ಕೆ ಅಹಮದಾಬಾದ್‌ನಲ್ಲಿ ಪಂಜಾಬ್ ಮೇಲೆ 6 ರನ್‌ಗೆ ಗೆದ್ದು 18ನೇ ಸೀಸನ್‌ನಲ್ಲಿ ಕಪ್ ಎತ್ತಿದರಲ್ಲ, ಆಗ ಗುಂಪಿನಲ್ಲಿ "ಈ ಸಲ ಮ್ಯಾರಿನರ್ಸೂ ಕಪ್ ನಮ್ದೇ" ಅಂತ ಎದ್ದ ಕೂಗನ್ನು ಯಾವ ಕಾಲಂಗೆ ಹಾಕುವುದು?

ಮುಂದಿನ ಸುತ್ತು ಲೀಗ್ ಫೈನಲ್, ಏಳು ಪಂದ್ಯದ ಸರಣಿ, ಗೆದ್ದವರು ವರ್ಲ್ಡ್ ಸೀರೀಸ್‌ಗೆ; ಎದುರಾಳಿ ಟೊರಾಂಟೊ ಬ್ಲೂ ಜೇಸ್. ನಮ್ಮ ಭಾವ ಮಿಸ್ಸಿಸಾಗಾದಲ್ಲಿದ್ದಾರೆ, ಅಕ್ಕನನ್ನು ಮದುವೆಯಾದ ವರ್ಷದಿಂದ ಬ್ಲೂ ಜೇಸ್ ಭಕ್ತರು. ಮೊದಲೆರಡು ಪಂದ್ಯ ನಾವು ಅಲ್ಲೇ ಹೋಗಿ 3-1, 10-3ಕ್ಕೆ ಗೆದ್ದೆವು. ಮಿಸ್ಸಿಸಾಗಾದಲ್ಲೇ ಬೆಳೆದ ಜೋಶ್ ನೇಲರ್ ನಮ್ಮ ಪರ ಹೋಮ್ ರನ್ ಹೊಡೆದ ರಾತ್ರಿ ಭಾವ ಫೋನ್ ಎತ್ತಲಿಲ್ಲ. ಸಿಯಾಟಲ್‌ನಲ್ಲಿ ಜನ ನಾಲ್ಕನೇ ಪಂದ್ಯದ ಟಿಕೆಟ್‌ಗೆ ಮುಗಿಬಿದ್ದರು. ಫ್ರಾಂಚೈಸಿ ಇತಿಹಾಸದಲ್ಲೇ ಮೊದಲ ಸಲ ವರ್ಲ್ಡ್ ಸೀರೀಸ್‌ಗೆ ಹೋಗುವ ಕ್ಷಣ ಕಣ್ಣಾರೆ ನೋಡಬೇಕು, ತಲೆಗೆ 400, 500 ಆದರೂ ಸರಿ! ನನ್ನ ಶೀಟ್ ನಾವು ಸರಣಿ ಗೆಲ್ಲುವುದಕ್ಕೆ 82 ಕೊಟ್ಟಿತ್ತು, ಸಂತೋಷ. ಆದರೆ ನಾಲ್ಕಕ್ಕೇ ಮುಗಿಯುವುದಕ್ಕೆ 28 ಮಾತ್ರ. ಐದನೇ ಪಂದ್ಯ ನಡೆಯುವ ಸಾಧ್ಯತೆ 72. ಎಲ್ಲರೂ ನಾಲ್ಕರ ಹಿಂದೆ ಓಡುವಾಗ ಐದರದು ಅದಕ್ಕಿಂತ ಸುಮಾರು ನೂರು ಡಾಲರ್ ಅಗ್ಗಕ್ಕೆ ಬಿದ್ದಿತ್ತು. ಕೊಂಡೆ. ಯಾವ ಹೊತ್ತಿಗೆ ಕೊಂಡೆ, ಯಾವ ಸೆಕ್ಷನ್ ಹುಡುಕಿದೆ ಅನ್ನುವುದು ಮಾತ್ರ ಕೇಳಬೇಡಿ, ಮುಂದಿನ ವರ್ಷಕ್ಕೂ ನನಗೆ ಸೀಟ್ ಬೇಕು.

ಗೆಳೆಯರು ದುಬಾರಿ ಕೊಟ್ಟು ಹೋಗಿ 13-4, 8-2ರ ಎರಡು ಸೋಲು ನೋಡಿ ಬಂದರು. ನಾನು ಶುಕ್ರವಾರ ಹೋದೆ. ಎಂಟನೇ ಇನಿಂಗ್ಸ್‌ವರೆಗೆ 2-1 ಹಿಂದೆ. ಆ ವರ್ಷ ಸೀಸನ್ನಿನಲ್ಲೇ 60 ಹೊಡೆದಿದ್ದ ಕ್ಯಾಲ್ ರಾಲಿ ಸಮ ಮಾಡಿದ, ಅದೇ ಇನಿಂಗ್ಸ್‌ನಲ್ಲಿ ಯುಹೇನಿಯೊ ಸುವಾರೆಸ್ ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ತುಂಬಿದ್ದಾಗಿನ ಹೋಮ್ ರನ್, ನಾಲ್ಕು ರನ್), 6-2. ಅವನದು ಅಂದು ಎರಡನೇ ಹೋಮ್ ರನ್. ಕಾಲ ಕೆಳಗಿನ ಕಾಂಕ್ರೀಟ್ ನಡುಗುವುದು ಗೊತ್ತಾಗುತ್ತಿತ್ತು.

3-2 ಮುನ್ನಡೆಯಲ್ಲಿ ಶೀಟ್ 71 ಅಂದಿತು. ಭಾವನಿಗೆ ಕಳಿಸಿದೆ. "ಇಪ್ಪತ್ತೊಂಬತ್ತು ಸಾಕು ಕಣಯ್ಯಾ ನಮಗೆ" ಅಂತ ಉತ್ತರ ಬಂತು. ಸಾಕಾಯಿತು. ಏಳನೇ ಪಂದ್ಯದಲ್ಲಿ 3-1 ಮುಂದಿದ್ದೆವು, ಏಳನೇ ಇನಿಂಗ್ಸ್‌ನಲ್ಲಿ ನಮ್ಮ ಬದಲಿ ಪಿಚರ್ ಬಜಾರ್ಡೊ ಎಸೆದ ಚೆಂಡನ್ನು ಟೊರಾಂಟೊದ ಜಾರ್ಜ್ ಸ್ಪ್ರಿಂಗರ್ ಬೇಲಿಯಾಚೆ ಕಳಿಸಿದ, 4-3ಕ್ಕೆ ಅವರು ಗೆದ್ದರು. ಆ ಹೊತ್ತಿನಲ್ಲಿ ಪಂದ್ಯ ಮುಗಿಸುವ ಪಿಚರ್ ಮುನ್ಯೋಸ್‌ನನ್ನು ಕರೆಯಬೇಕಿತ್ತು ಅಂತ ಸಿಯಾಟಲ್ ಇನ್ನೂ ಜಗಳವಾಡುತ್ತಿದೆ. ನನ್ನ ಶೀಟ್‌ನಲ್ಲಿ ಬುಲ್‌ಪೆನ್ ದಣಿವಿಗೆ ಒಂದು ಕಾಲಂ ಇದೆ, ಅದರ ತೂಕವನ್ನು ನಾನು ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಅದರಲ್ಲಿ ಆ ವಾರ ಬಜಾರ್ಡೊ ಸಾಲು ಕೆಂಪಾಗಿತ್ತು ಅಂತ ಮಾತ್ರ ಹೇಳಬಲ್ಲೆ.

ಡಾಡ್ಜರ್ಸ್-ಟೊರಾಂಟೊ ವರ್ಲ್ಡ್ ಸೀರೀಸ್‌ಗೂ ಸುಮ್ಮನೆ ಓಡಿಸಿದೆ: ಡಾಡ್ಜರ್ಸ್ 54, ಆರಕ್ಕೋ ಏಳಕ್ಕೋ ಹೋಗುತ್ತದೆ ಅಂತ ಬಂತು. ಏಳಕ್ಕೆ ಹೋಯಿತು, ಹನ್ನೊಂದು ಇನಿಂಗ್ಸ್. ಆರನೇ ಪಂದ್ಯದಲ್ಲಿ ಎಸೆದಿದ್ದ ಡಾಡ್ಜರ್ಸ್‌ನ ಯಮಾಮೊಟೊ ಮರುದಿನವೇ ಬಂದು ಮುಗಿಸಿ ಗೆಲ್ಲಿಸಿದ. ಆ ಸಾಲಿಗೆ ನನ್ನ ದಣಿವಿನ ಕಾಲಂ ಕೊಟ್ಟ ಸಂಖ್ಯೆ ನೋಡಿದರೆ ನಗು ಬರುತ್ತದೆ. ಚಳಿಗಾಲದಲ್ಲಿ ಅದನ್ನೇ ಬಿಚ್ಚಿ ಕಟ್ಟಬೇಕು. 2025ರ ಒಟ್ಟು ಖರ್ಚು ಆಹಾರ ಬಿಟ್ಟು 1,200 ಡಾಲರ್ ಒಳಗೆ, ತವರಿನಲ್ಲಿ ನೋಡಿದ ಎರಡು ಪಂದ್ಯದಲ್ಲೂ ಗೆಲುವು. ಗುಂಪಿನಲ್ಲಿ ಇನ್ನೊಬ್ಬರದು ಎಷ್ಟಾಯಿತು ಅಂತ ಕೇಳಿದೆ, ಹೇಳಲಿಲ್ಲ.